ನಾಯಿ ಸಾಕಿದ ಬಾಡಿಗೆದಾರ

ನಾಯಿ ಸಾಕಿದ ಬಾಡಿಗೆದಾರ ಹೈದರಾಬಾದಿನ ಪಶ್ಚಿಮ ಭಾಗದಲ್ಲಿ, ಅಂದರೆ ಕೊಂಡಾಪುರ, ಗಚ್ಚಿಬೌಲಿ, ಮಾದಾಪುರ, ಮಣಿಕೊಂಡಗಳ ಅಪಾರ್ಟ್‌ಮೆಂಟುಗಳಲ್ಲಿ ಹೇರಳವಾಗಿ ಸಿಗುವ ಜಾತಿ. ಕಾಚಿಗುಡದ ಹಳೆಯ ಕನ್ನಡ ಮನೆಗಳ ಕಡೆ ಇವನು ಅಪರೂಪ. ಅಲ್ಲಿ ನಾಯಿ ಇದ್ದರೆ ಅಂಗಳದಲ್ಲಿರುತ್ತದೆ, ಅದರ ಮೂತ್ರ ತೆಂಗಿನ ಬುಡಕ್ಕೆ ಸಲ್ಲುತ್ತದೆ. ಈ ಬಾಡಿಗೆದಾರನ ವಯಸ್ಸು ಮೂವತ್ತರ ಆಸುಪಾಸು, ಕೆಲಸ ಕಂಪ್ಯೂಟರಿನದು, ಊರು ಹುಬ್ಬಳ್ಳಿಯೋ ದಾವಣಗೆರೆಯೋ ಬೆಂಗಳೂರೋ. ಮನೆ ನೋಡಲು ಒಬ್ಬನೇ ಬರುತ್ತಾನೆ. ನಾಯಿ ಬರುವುದು ಅಡ್ವಾನ್ಸ್ ಕೊಟ್ಟ ಮೇಲೆ.

ಬೆಂಗಳೂರಿನಲ್ಲಿ ಹತ್ತು ತಿಂಗಳ ಬಾಡಿಗೆಯನ್ನು ಅಡ್ವಾನ್ಸ್ ಇಟ್ಟು ಪಳಗಿದವನಿಗೆ ಹೈದರಾಬಾದಿನ ಎರಡು ತಿಂಗಳ ಪದ್ಧತಿ ಪುಕ್ಕಟೆಯಂತೆ ಕಾಣುತ್ತದೆ. ಕೇಂದ್ರದ 2021ರ ಮಾದರಿ ಬಾಡಿಗೆ ಕಾಯಿದೆಯೂ ವಾಸದ ಮನೆಗೆ ಎರಡು ತಿಂಗಳಿಗಿಂತ ಹೆಚ್ಚು ಬೇಡ ಎನ್ನುತ್ತದೆ. ಹೀಗಾಗಿ ಮಾಲೀಕನ ಕೈಯಲ್ಲಿ ಹಿಡಿದಿಟ್ಟುಕೊಳ್ಳಲು ಹೆಚ್ಚೇನೂ ಉಳಿಯುವುದಿಲ್ಲ. ಮಾಲೀಕನೂ ಕನ್ನಡದವನಾದರೆ ಪರಿಸ್ಥಿತಿ ಇನ್ನೂ ಕಷ್ಟ. ‘ನಮ್ಮ ಕಡೆಯವನು’ ಎಂಬ ಒಂದೇ ಕಾರಣಕ್ಕೆ ಬ್ರೋಕರನ ಎಚ್ಚರಿಕೆಯನ್ನು ಬದಿಗಿಟ್ಟು ಕೀಲಿ ಕೊಟ್ಟ ಮಾಲೀಕರು ಉಂಟು. ಈ ಬರಹಕ್ಕೆ ಆಧಾರ ಅಂಥ ಒಬ್ಬ ಮಾಲೀಕನ ಅನುಭವ. ಅವನ ಹೆಸರು ಇಲ್ಲಿ ಅಪ್ರಸ್ತುತ.

ಕಾನೂನು ಈ ಬಾಡಿಗೆದಾರನಿಗೆ ಬಾಯಿಪಾಠ. ಸಾಕುಪ್ರಾಣಿಗಳನ್ನು ನಿಷೇಧಿಸುವಂತಿಲ್ಲ, ಅವುಗಳಿಗೆ ಲಿಫ್ಟ್ ತಪ್ಪಿಸುವಂತಿಲ್ಲ ಎಂದು ಅಪಾರ್ಟ್‌ಮೆಂಟ್ ಸಂಘಗಳಿಗೆ ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿ 2015ರಲ್ಲಿ ಹೊರಡಿಸಿದ ಸೂಚನೆ ಅವನ ಫೋನಿನಲ್ಲಿ ಸದಾ ಸಿದ್ಧ. ಮಾತು ಬೆಳೆದರೆ ಸಂವಿಧಾನದ 51ಎ(ಜಿ) ವಿಧಿಗೆ ಹೋಗುತ್ತಾನೆ: ಜೀವಿಗಳ ಬಗ್ಗೆ ಅನುಕಂಪ ನಾಗರಿಕನ ಕರ್ತವ್ಯ. ಕಾರ್ಪೆಟ್ಟಿನ ಬಗ್ಗೆ ಸಂವಿಧಾನದಲ್ಲಿ ಏನೂ ಇಲ್ಲ.

ಕಾರ್ಪೆಟ್ಟೇ ಹೈದರಾಬಾದಿನ ಫ್ಲ್ಯಾಟಿನಲ್ಲಿ ಸಹಜವಾದ ವಸ್ತುವಲ್ಲ. ಇಲ್ಲಿನ ನೆಲವೆಂದರೆ ಗ್ರಾನೈಟು, ಮಾರ್ಬಲ್ಲು, ಟೈಲ್ಸು. ಒಂದು ಒರೆಸು ಒರೆಸಿದರೆ ನಾಯಿಯ ಅಪರಾಧಕ್ಕೆ ಸಾಕ್ಷಿ ಉಳಿಯುವುದಿಲ್ಲ. ಕಾರ್ಪೆಟ್ಟು ಮನೆಗೆ ಬರುವುದು ಬಹುಮಟ್ಟಿಗೆ ನುಮಾಯಿಷ್‌ನಿಂದ. 1938ರಲ್ಲಿ ಆರಂಭವಾಗಿ, ಈಗ ಪ್ರತಿವರ್ಷ ಜನವರಿ 1ರಿಂದ ನಾಂಪಲ್ಲಿಯ ಮೈದಾನದಲ್ಲಿ ನಡೆಯುವ ಈ ಪ್ರದರ್ಶನದ ಕಾಶ್ಮೀರಿ ಮಳಿಗೆಗಳ ಮುಂದೆ ಹಿಡಿತವಿರುವ ಗೃಹಸ್ಥರೂ ಜಾರುತ್ತಾರೆ. ಮೇಲೆ ಹೇಳಿದ ಮಾಲೀಕ ಹೀಗೆ ಚೌಕಾಸಿ ಮಾಡಿ ತಂದ ಕೆಂಪಂಚಿನ ಉಣ್ಣೆಯ ಕಾರ್ಪೆಟ್ಟನ್ನು ಕೊಂಡಾಪುರದ ಫ್ಲ್ಯಾಟಿನ ಮಲಗುವ ಕೋಣೆಯಲ್ಲಿ ಹಾಸಿದ್ದ. ಅಮೆರಿಕದ ಮಗ ರಜೆಗೆ ಬಂದಾಗ ಬರಿಗಾಲಿಗೆ ತಣ್ಣಗಾಗಬಾರದು ಎಂಬುದು ಉದ್ದೇಶ. ಮಗ ಬಂದಾಗೆಲ್ಲ ಹೋಟೆಲಿನಲ್ಲಿ ಇಳಿದುಕೊಂಡ. ಫ್ಲ್ಯಾಟನ್ನು ‘ಸೆಮಿ ಫರ್ನಿಷ್ಡ್’ ಎಂದು ಬಾಡಿಗೆಗೆ ಕೊಡಲಾಯಿತು. ಆ ಕಾರ್ಪೆಟ್ಟಿನ ಮೇಲೆ ಮೊದಲು ಮೈಚಾಚಿ ಮಲಗಿದ್ದು ಗುಂಡ.

ಗುಂಡ ನಾಯಿ. ತಂದೆ ಲ್ಯಾಬ್ರಡಾರ್, ತಾಯಿಯ ಬಗ್ಗೆ ಮಾಹಿತಿ ಲಭ್ಯವಿಲ್ಲ. ಗುಂಡನಂಥ ಎರಡು ಮೂರು ತಿಂಗಳ ಮರಿಗೆ ಮೂತ್ರ ತಡೆಯುವ ಶಕ್ತಿ ಕೆಲವೇ ಗಂಟೆಗಳದ್ದು. ಅದು ಚೆನ್ನಾಗಿ ಕುದುರಲು ಇನ್ನೂ ಹಲವು ತಿಂಗಳು ಬೇಕು. ಬಾಡಿಗೆದಾರನ ಆಫೀಸಾದರೋ ಬೆಳಗ್ಗೆಯಿಂದ ಸಂಜೆಯವರೆಗೆ. ಈ ಲೆಕ್ಕದಲ್ಲಿ ನಾಯಿಯ ತಪ್ಪು ಎಲ್ಲಿಯೂ ಇಲ್ಲ.

ಬಾಡಿಗೆದಾರನ ಮುಖ್ಯ ಲಕ್ಷಣ ಕಾಣುವುದು ಕಲೆ ಬಿದ್ದ ಮೇಲೆ. ಕಲೆ ಅವನಿಗೆ ಕೊಳೆಯಲ್ಲ, ಮನೆತನದ ಮಾನದ ಪ್ರಶ್ನೆ. ಬಾಡಿಗೆ ಇಸಿದುಕೊಳ್ಳುವ ನೆಪದಲ್ಲಿ ಬಂದ ಮಾಲೀಕನ ಕಣ್ಣು ನೆಲದತ್ತ ಹೊರಳಿದ ಕೂಡಲೇ ಮಾತು ಹೊರಡುತ್ತದೆ: “ಅಂಕಲ್, ನಮ್ಮ ಗುಂಡ ಒಳಗ ಮಾಡೂದೇ ಇಲ್ರೀ. ಅದು ನೀರು ಚೆಲ್ಲಿದ್ದು.” ನೀರು ಹಳದಿಯಾಗಿದೆಯಲ್ಲ ಎಂದರೆ, “ಹಂಗಾದ್ರ ಚಾ ಇರಬೇಕ್ರೀ.” ಮುಂದಿನ ಭೇಟಿಯ ಹೊತ್ತಿಗೆ ಚಹಾ ಇತಿಹಾಸಕ್ಕೆ ಸೇರಿರುತ್ತದೆ: “ಇದು ಮೊದಲಿಂದಾನ ಇತ್ತಲ್ರೀ ಅಂಕಲ್, ನೀವ ಮರತೀರಿ.” ಮಾಲೀಕನಿಗೂ ವಯಸ್ಸಾಗಿದೆ, ಮರೆತಿರಬಹುದೇ ಎಂದು ಅರೆಗಳಿಗೆ ಅನುಮಾನಿಸುತ್ತಾನೆ. ಗೇಟಿನ ಬಳಿ ವಾಚ್‌ಮನ್ ಕೇಳದೆಯೇ ಹೇಳುತ್ತಾನೆ: “ಕುಕ್ಕ ಮಳ್ಳೀ ಪೋಸಿಂದಿ ಸಾರ್.” ನಾಯಿ ಮತ್ತೆ ಹೊಯ್ದಿದೆ ಎಂದರ್ಥ. ಕೆಲಸದಾಕೆ ಅವನ ಹೆಂಡತಿ. ಆ ಮನೆಯ ವಿದ್ಯಮಾನಗಳಿಗೆ ಇದಕ್ಕಿಂತ ಖಚಿತವಾದ ಮೂಲವಿಲ್ಲ.

ಈ ನಿರಾಕರಣೆಯೇ ಕಲೆಯನ್ನು ಕಾಯಂ ಮಾಡುತ್ತದೆ, ಮೂತ್ರವಲ್ಲ. ಹೊಸ ಮೂತ್ರ ಸಾಮಾನ್ಯವಾಗಿ ತುಸು ಆಮ್ಲೀಯ, ವಾಸನೆಯೂ ಕಡಿಮೆ. ಬಹುಪಾಲು ನೀರು, ಉಳಿದಂತೆ ಯೂರಿಯಾ, ಲವಣ, ಹಳದಿ ಬಣ್ಣ ಕೊಡುವ ಯೂರೋಬಿಲಿನ್. ಹೊತ್ತು ಕಳೆದಂತೆ ಬ್ಯಾಕ್ಟೀರಿಯಾಗಳು ಯೂರಿಯಾವನ್ನು ಒಡೆದು ಅಮೋನಿಯಾ ಮಾಡುತ್ತವೆ, ಕಲೆ ಕ್ಷಾರಕ್ಕೆ ತಿರುಗುತ್ತದೆ. ಉಣ್ಣೆ ಪ್ರೋಟೀನಿನ ಎಳೆ; ಅದಕ್ಕೆ ಕ್ಷಾರ ಆಗಿಬರುವುದಿಲ್ಲ, ಬಣ್ಣವೂ ಕೆಡುತ್ತದೆ. ಎಲ್ಲಕ್ಕೂ ಯೂರಿಕ್ ಆಮ್ಲದ ಹರಳೇ ಕಾರಣ ಎನ್ನುವವರಿದ್ದಾರೆ. ಆದರೆ ನಾಯಿಯ ದೇಹ ಆ ಆಮ್ಲದ ಬಹುಭಾಗವನ್ನು ನೀರಿನಲ್ಲಿ ಸುಲಭವಾಗಿ ಕರಗುವ ಅಲಂಟೋಯಿನ್ ಆಗಿ ಬದಲಿಸುತ್ತದೆ. ಡಾಲ್ಮೇಷಿಯನ್ ತಳಿ ಇದಕ್ಕೆ ಅಪವಾದ. ಬೆಕ್ಕಿನ ವಾಸನೆಯ ಮೂಲವೇ ಬೇರೆ: ಫೆಲಿನೈನ್ ಎಂಬ ಗಂಧಕಯುಕ್ತ ಅಮೈನೋ ಆಮ್ಲ, ಗಂಡು ಬೆಕ್ಕಿನಲ್ಲಿ ವಿಶೇಷವಾಗಿ. ಬೆಕ್ಕು ಸಾಕಿದ ಬಾಡಿಗೆದಾರನದು ಪ್ರತ್ಯೇಕ ಅಧ್ಯಯನಕ್ಕೆ ತಕ್ಕ ವಿಷಯ.

ಎಳೆಗಳ ಬುಡದಲ್ಲಿ ಉಳಿದ ಲವಣಗಳು ಗಾಳಿಯ ತೇವ ಹೀರುತ್ತವೆ. ಹೈದರಾಬಾದಿನ ಮೇ ತಿಂಗಳ 40 ಡಿಗ್ರಿಯಲ್ಲಿ ಸತ್ತಂತಿದ್ದ ವಾಸನೆ ಜುಲೈ ಮಳೆಗೆ ಎದ್ದು ಕೂರುತ್ತದೆ. ಅನುಭವಿ ಬಾಡಿಗೆದಾರರು ಮನೆ ಖಾಲಿ ಮಾಡಲು ಮೇ ತಿಂಗಳನ್ನೇ ಆರಿಸುವುದರ ಹಿಂದೆ ಈ ವಿಜ್ಞಾನವಿದೆ.

ಮಾಲೀಕನ ಪ್ರತಿತಂತ್ರವನ್ನೂ ದಾಖಲಿಸಬೇಕು. ಒಣಗಿದ ಮೂತ್ರ ಅತಿನೇರಳೆ ಬೆಳಕಿನಲ್ಲಿ ಮಂಕು ಹಳದಿ ಹಸಿರಾಗಿ ಹೊಳೆಯುತ್ತದೆ. ಕಿರಾಣಿ ಅಂಗಡಿಯಿಂದ ಖೋಟಾ ನೋಟು ಪರೀಕ್ಷಿಸುವ ದೀಪವನ್ನು ಎರವಲು ತಂದ ಮಾಲೀಕ ಒಂದು ಸಂಜೆ ಕಿಟಕಿ ಪರದೆ ಎಳೆಸಿ, ಮಂಡಿಯೂರಿ, ನೆಲದ ಮೇಲೆ ಅದನ್ನು ಹಿಡಿದ. ಕಾರ್ಪೆಟ್ಟು ದೀಪಾವಳಿಯ ಬೀದಿಯಾಗಿ ಬೆಳಗಿತು. ಗುಂಡ ಬಾಲ ಅಲ್ಲಾಡಿಸುತ್ತ ಪ್ರತಿಯೊಂದು ಸ್ಥಳಕ್ಕೂ ಜೊತೆಯಲ್ಲೇ ಬಂದು ಮೂಸಿ ದೃಢಪಡಿಸಿತು. ಬಾಡಿಗೆದಾರ ಮಾತ್ರ ವಿಚಲಿತನಾಗಲಿಲ್ಲ: “ಅಂಕಲ್, ಅದು ಸಬಕಾರ ಪುಡಿ ಹೊಳ್ಯಾಕತ್ತೇದ್ರೀ.” ಸಿಟ್ಟು ಬರುವುದು ಇಲ್ಲಿಯೇ, ಏಕೆಂದರೆ ಆ ಮಾತು ಶುದ್ಧ ಸುಳ್ಳಲ್ಲ. ಬಟ್ಟೆಗೆ ಬಿಳುಪು ಕೊಡಲು ಪುಡಿಯಲ್ಲಿ ಬೆರೆಸುವ ರಾಸಾಯನಿಕವೂ ಅದೇ ಬೆಳಕಿಗೆ ಹೊಳೆಯುತ್ತದೆ, ಆದರೆ ನೀಲಿಯಾಗಿ. ನೀಲಿಯೋ ಹಸಿರೋ ಎಂಬ ವಾದ ರಾತ್ರಿ ಊಟದ ಹೊತ್ತಿನವರೆಗೆ ನಡೆಯಿತು. ಮಾಲೀಕ ಅಲ್ಲೇ ಜೋಳದ ರೊಟ್ಟಿ, ಎಣಗಾಯಿ ತಿಂದು ಹೋದ. ರೊಟ್ಟಿ ಚೆನ್ನಾಗಿತ್ತು.

ಕಲೆ ತೆಗೆಯುವ ಕ್ರಮ ಕಷ್ಟದ್ದಲ್ಲ. ಹಸಿಯಾಗಿದ್ದಾಗ ದಪ್ಪ ಹತ್ತಿ ಬಟ್ಟೆ ಹಾಕಿ, ಮೇಲೆ ನಿಂತು ಒತ್ತಿ ಹೀರಿಸಬೇಕು. ಹಳೇ ಊರಿನಿಂದ ಕರೆಸಿದ ಕಾರ್ಪೆಟ್ ರಿಪೇರಿಯ ಸಾಬರು ಈ ಶಾಸ್ತ್ರವನ್ನು ದಖ್ಖನಿಯಲ್ಲಿ ಮುಗಿಸಿದರು: “ರಗಡೋ ನಕ್ಕೋ, ದಬಾವೊ.” ಉಜ್ಜಿದರೆ ಎಳೆ ಕೆದರುತ್ತದೆ, ಕಲೆ ಆಳಕ್ಕಿಳಿಯುತ್ತದೆ. ಅನಂತರ ತಣ್ಣೀರು ಚಿಮುಕಿಸಿ ಮತ್ತೆ ಹೀರಿಸಬೇಕು. ಕಲೆ ಹಳೆಯದಾದರೆ ಸಮಪಾಲು ನೀರು ಬೆರೆಸಿದ ವಿನೆಗರ್ ಅಮೋನಿಯಾವನ್ನು ತಟಸ್ಥಗೊಳಿಸುತ್ತದೆ. ಬಣ್ಣ ಬಿಡುತ್ತದೆಯೇ ಎಂದು ಮೊದಲು ಮೂಲೆಯಲ್ಲಿ ನೋಡಿಕೊಳ್ಳಬೇಕು. ಸಾಕುಪ್ರಾಣಿ ಅಂಗಡಿಗಳಲ್ಲಿ ಸಿಗುವ ಕಿಣ್ವದ ದ್ರಾವಣ ಇನ್ನೂ ಮೇಲು. ಆದರೆ ಸೀಸೆಯ ಮೇಲೆ ಹೇಳಿದಷ್ಟು ಹೊತ್ತು ಜಾಗ ಒದ್ದೆಯಾಗಿಯೇ ಇರಬೇಕು, ಫಿನಾಯಿಲ್ ಬಿದ್ದ ಜಾಗದಲ್ಲಿ ಕೆಲಸ ಮಾಡುವ ಭರವಸೆಯಿಲ್ಲ. ಉಣ್ಣೆಗೆಂದೇ ಮಾಡಿದ್ದನ್ನು ಕೇಳಿ ತರಬೇಕು, ಪ್ರೋಟೀನು ತಿನ್ನುವ ಕಿಣ್ವ ಉಣ್ಣೆಯನ್ನೂ ತಿನ್ನಬಲ್ಲದು. ಹಬೆ ಹಾಯಿಸಿದರೆ ಕಲೆ ಕಚ್ಚಿಕೊಳ್ಳುತ್ತದೆ. ಬ್ಲೀಚಿಂಗ್ ಪೌಡರ್ ಅಂತೂ ಸಲ್ಲದು: ಅಮೋನಿಯಾ ಸೇರಿದರೆ ಹುಟ್ಟುವ ಕ್ಲೋರಮೈನ್ ಅನಿಲ ನಾಯಿಗೂ ಮಾಲೀಕನಿಗೂ ಅಪಾಯ.

ಬಾಡಿಗೆದಾರ ಮಾಡುವುದು ಇದ್ಯಾವುದನ್ನೂ ಅಲ್ಲ. ಮೊದಲು ಫಿನಾಯಿಲ್, ಆಮೇಲೆ ಊದುಬತ್ತಿ, ಕೊನೆಗೆ ಕಲೆಯ ಮೇಲೆ ಬೀನ್‌ಬ್ಯಾಗ್. ಮನೆಯಲ್ಲಿ ಬೀನ್‌ಬ್ಯಾಗ್ ಎಲ್ಲಿದೆ ಎಂದು ನೋಡಿದರೆ ಕಲೆ ಎಲ್ಲಿದೆ ಎಂದು ತಿಳಿಯುತ್ತದೆ.

ಮನೆ ಬಿಡುವಾಗ ಲೆಕ್ಕ ಬರುತ್ತದೆ. ಪೇಂಟಿಂಗ್ ಹೆಸರಿನಲ್ಲಿ ಒಂದು ತಿಂಗಳ ಬಾಡಿಗೆ ಮುರಿದುಕೊಳ್ಳುವುದು ಹೈದರಾಬಾದಿನ ರೂಢಿ, ಅದಕ್ಕೆ ತಕರಾರಿಲ್ಲ. ತಕರಾರು ಬಳಕೆಯ ಸವೆತ ಯಾವುದು, ಹಾನಿ ಯಾವುದು ಎಂಬಲ್ಲಿ. ಮಾಲೀಕ ಕಾರ್ಪೆಟ್ಟಿನ ಬೆಲೆಯನ್ನು ಮುರಿಯುವುದಾಗಿ ಗಟ್ಟಿ ಮನಸ್ಸು ಮಾಡಿಯೇ ಹೋಗಿದ್ದ. ಬಾಡಿಗೆದಾರ ವಾದಿಸಲಿಲ್ಲ. “ಹಂಗಾದ್ರ ಅದನ್ನ ನಾನ ಒಯ್ತೀನ್ರೀ ಅಂಕಲ್. ಗುಂಡಗ ಅದರ ಮ್ಯಾಲೆ ಮಲಗಿ ರೂಢಿ ಆಗೇದ.” ಕಲೆ ಯಾರದೆಂದು ಅವನು ಆಗಲೂ ಒಪ್ಪಲಿಲ್ಲ. ಮಾಲೀಕ ಅರ್ಧ ಬೆಲೆಗೆ ಇಳಿದ, ಲಾರಿಯವನು ಅದನ್ನು ಸುತ್ತಿ ಕಟ್ಟುವಾಗ ಇನ್ನೂ ಸ್ವಲ್ಪ ಇಳಿದ. ಗುಂಡ ಸುರುಳಿಯ ಮೇಲೇ ಹತ್ತಿ ಕೂತಿತ್ತು.

ಇಂಥ ಮನೆಗೆ ಉಣ್ಣೆಗಿಂತ ಹತ್ತಿಯ ಜಮಖಾನವೇ ಸೂಕ್ತ. ಧಾರವಾಡ ಜಿಲ್ಲೆಯ ನವಲಗುಂದದ್ದಾಗಲಿ, ತೆಲಂಗಾಣದ್ದೇ ಆದ ವಾರಂಗಲ್‌ದ್ದಾಗಲಿ ಆಗಬಹುದು. ಎರಡಕ್ಕೂ ಭೌಗೋಳಿಕ ಗುರುತಿನ ಮನ್ನಣೆಯಿದೆ. ಮೇಲೆದ್ದ ಎಳೆಗಳಿಲ್ಲದ ಕಾರಣ ಮೂತ್ರ ಅಡಗಿ ಕೂರುವುದಿಲ್ಲ, ತಣ್ಣೀರಿನಲ್ಲಿ ಇಡಿಯಾಗಿ ತೊಳೆದು ತಾರಸಿಯ ಮೇಲೆ ಒಣಗಿಸಬಹುದು. ಹನ್ನೊಂದು ತಿಂಗಳ ಹೊಸ ಕರಾರಿಗೆ ನೆಲದ ಫೋಟೋಗಳನ್ನು ತಾರೀಖು ಸಮೇತ ಲಗತ್ತಿಸುವುದೂ ಒಳ್ಳೆಯದು. ಟು-ಲೆಟ್ ಬೋರ್ಡಿನಲ್ಲಿ ‘ನಾಯಿ ಇರುವವರಿಗಿಲ್ಲ’ ಎಂದು ಬರೆಸಲು ವಾಚ್‌ಮನ್ ಸಲಹೆ ಕೊಟ್ಟ. ಬೋರ್ಡಿನಲ್ಲಿ ಜಾಗ ಸಾಲಲಿಲ್ಲ ಎಂಬುದು ಮಾಲೀಕನ ವಿವರಣೆ.