ಹಾಜರಿ, ಹುಳು ಮತ್ತು ಹೈಜಂಪ್: ನಾಲ್ಕು ತಾಲ್ಲೂಕುಗಳ ಕ್ರೀಡಾವಿದ್ಯಾರ್ಥಿ — ಒಂದು ಸಾಂಸ್ಕೃತಿಕ ಅಧ್ಯಯನ

ಕನ್ನಡದ ಪಿಎಚ್.ಡಿ. ಪ್ರಬಂಧಗಳು 'ವ್ಯಾಪ್ತಿ ಮತ್ತು ಮಿತಿ' ಎಂಬ ಅಧ್ಯಾಯವಿಲ್ಲದೆ ಹೆಜ್ಜೆ ಎತ್ತುವುದಿಲ್ಲ. ಆ ಸಂಪ್ರದಾಯಕ್ಕೆ ಭಂಗ ಬಾರದಂತೆ ಈ ಅಧ್ಯಯನದ ವ್ಯಾಪ್ತಿಯನ್ನು ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಎಂದೂ, ಮಿತಿಯನ್ನು ಸಂಜೆಯ ಕೊನೆಯ ಬಸ್ಸು ಎಂದೂ ನಿಗದಿಪಡಿಸಲಾಗಿದೆ. 2007ರಲ್ಲಿ ಬೆಂಗಳೂರು ಗ್ರಾಮಾಂತರದಿಂದ ಬೇರೆಯಾಗಿ ರಾಮನಗರ ಜಿಲ್ಲೆ ಎನಿಸಿಕೊಂಡ ಈ ಸೀಮೆಗೆ 2025ರಲ್ಲಿ ರಾಜ್ಯ ಸಚಿವ ಸಂಪುಟ 'ಬೆಂಗಳೂರು ದಕ್ಷಿಣ' ಎಂಬ ಹೆಸರನ್ನು ಒಪ್ಪಿತು. ಹೀಗಾಗಿ ಪಿಯುಸಿಯಲ್ಲಿ ಜಿಲ್ಲಾ ಮಟ್ಟಕ್ಕೆ ಓಡಿದ ಹುಡುಗ ಡಿಗ್ರಿಗೆ ಬರುವಷ್ಟರಲ್ಲಿ ನಿಂತಲ್ಲೇ ಜಿಲ್ಲೆ ಬದಲಾಯಿಸಿದ್ದಾನೆ. ಹಳೆಯ ಜೆರ್ಸಿಯ ಬೆನ್ನಿನ ಮೇಲೆ ಒಂದು ಪಾಠ, ಹೊಸ ಕಾಗದಪತ್ರದಲ್ಲಿ ಇನ್ನೊಂದು ಪಾಠ. ಪಾಠಾಂತರದ ತೊಡಕು ಹಳಗನ್ನಡ ಕಾವ್ಯಗಳಿಗಷ್ಟೇ ಮೀಸಲಲ್ಲ ಎಂಬುದು ಪ್ರಸ್ತುತ ಸಂಶೋಧನೆಯ ಮೊದಲ ಫಲಿತ.

ಈ ನೆಲದಿಂದ ದೇಶಕ್ಕೆಲ್ಲ ಪರಿಚಿತವಾದ ಓಟ ಯಾವುದೆಂದು ಕೇಳಿದರೆ ಹೆಚ್ಚಿನವರು ಇವತ್ತಿಗೂ ಹೇಳುವುದು ಇಲ್ಲೇ ಚಿತ್ರೀಕರಣವಾಗಿ 1975ರಲ್ಲಿ ತೆರೆಗೆ ಬಂದ 'ಶೋಲೆ'ಯಲ್ಲಿ ಬಸಂತಿಯ ಟಾಂಗಾ ಎಳೆದ ಧನ್ನೋ ಕುದುರೆಯದು. ಧನ್ನೋಗೆ ಇಂಟರ್ನಲ್ಸ್ ಇರಲಿಲ್ಲ ಎಂಬುದನ್ನು ಹಿಂದಿನ ಸಂಶೋಧಕರು ಗಮನಿಸಿದಂತಿಲ್ಲ.

ಇನ್ನು ಲಕ್ಷಣ ನಿರೂಪಣೆ. 'ಕಾಲೇಜಿಗೆ ಸೇರಿ ಆಟವಾಡುವವನೇ ಕ್ರೀಡಾವಿದ್ಯಾರ್ಥಿ' ಎಂದರೆ ಅತಿವ್ಯಾಪ್ತಿ ದೋಷ. ಕ್ಯಾಂಟೀನಿನ ಹಿಂದೆ ಕ್ಯಾರಂ ಕುಟ್ಟುವವರೆಲ್ಲ ಅದರೊಳಗೆ ನುಗ್ಗುತ್ತಾರೆ. 'ಬೆಳಗ್ಗೆ ಐದೂವರೆಗೆದ್ದು ಓಡುವವನು' ಎಂದರೆ ಚೆಸ್ ತಂಡದವರು ಹೊರಗುಳಿದು ಅವ್ಯಾಪ್ತಿ ದೋಷ ಬರುತ್ತದೆ; ಸಾಲದ್ದಕ್ಕೆ ಡೇರಿಗೆ ಹಾಲಿನ ಕ್ಯಾನು ಹೊತ್ತು ಓಡುವವರೂ ಒಳಗೆ ಬಂದು ಎರಡೂ ದೋಷ ಒಟ್ಟಿಗೆ ಕೂರುತ್ತವೆ. ಭಾರತೀಯ ವಿಶ್ವವಿದ್ಯಾಲಯಗಳ ಸಂಘ ಈ ತರ್ಕದ ಗೋಜಿಗೆ ಹೋಗದೆ, 17 ತುಂಬಿರಬೇಕು, 25 ದಾಟಿರಬಾರದು ಎಂದು ವಯಸ್ಸಿನಲ್ಲೇ ಮಾತು ಮುಗಿಸಿದೆ. (ಸಂಘ ಹುಟ್ಟಿದ್ದು 1925ರಲ್ಲಿ. ಅದರ ನಿಯಮ ಅದಕ್ಕೇ ಅನ್ವಯಿಸದಿರುವುದು ಒಳ್ಳೆಯದೇ ಆಯಿತು.) ಪ್ರಸ್ತುತ ಪ್ರಬಂಧ ಒಪ್ಪುವ ಲಕ್ಷಣ ಇಷ್ಟು: ಯಾರ ಹೆಸರು ಒಂದೇ ದಿನ ಹಾಜರಿ ಪುಸ್ತಕದಲ್ಲೂ ತಂಡದ ಪಟ್ಟಿಯಲ್ಲೂ ಇದ್ದು, ಎರಡು ಕಡೆಯಲ್ಲೂ 'ಎಲ್ಲಿ ಹೋದ?' ಎಂದು ವಿಚಾರಣೆ ನಡೆಯುತ್ತದೋ ಅವನು; ಅಥವಾ ಅವಳು.

ಆಟಕ್ಕೂ ಓದಿಗೂ ಇರುವ ಸಂಬಂಧದ ಬಗ್ಗೆ ಪೂರ್ವಸೂರಿಗಳಲ್ಲಿ ಮೂರು ಮತಗಳಿವೆ.

ಮೊದಲನೆಯದು ದ್ವೈತ. ಆಟ ಬೇರೆ, ಓದು ಬೇರೆ, ಎರಡೂ ಎಂದಿಗೂ ಒಂದಾಗವು. ಈ ಮತಕ್ಕೆ ಊರಿನ ಆಧಾರ ಬೇಕೆಂದರೆ ಚನ್ನಪಟ್ಟಣ ತಾಲ್ಲೂಕಿನ ಅಬ್ಬೂರಿನಲ್ಲಿ ವ್ಯಾಸತೀರ್ಥರ ಗುರುಗಳಾದ ಬ್ರಹ್ಮಣ್ಯತೀರ್ಥರ ವೃಂದಾವನವೇ ಇದೆ. ಮೈದಾನದ ಆಧಾರ ಬೇಕೆಂದರೆ ಎರಪಳ್ಳಿ ಪ್ರಸನ್ನ ಇದ್ದಾರೆ. 1962ರ ಜನವರಿಯಲ್ಲಿ ಮದರಾಸಿನಲ್ಲಿ ಮೊದಲ ಟೆಸ್ಟ್ ಆಡಿ, ಅದೇ ವರ್ಷ ವೆಸ್ಟ್ ಇಂಡೀಸಿಗೂ ಹೋಗಿಬಂದ ಈ ಆಫ್ ಸ್ಪಿನ್ನರ್, ಮೈಸೂರಿನ ನ್ಯಾಷನಲ್ ಇನ್‌ಸ್ಟಿಟ್ಯೂಟ್ ಆಫ್ ಇಂಜಿನಿಯರಿಂಗಿನಲ್ಲಿ ಓದು ಮುಗಿಸಬೇಕೆಂದು ಟೆಸ್ಟ್ ಕ್ರಿಕೆಟ್ಟಿನಿಂದ ದೂರ ಉಳಿದರು. ಮತ್ತೆ ಟೆಸ್ಟ್ ಆಡಿದ್ದು 1967ರಲ್ಲಿ. ಐದು ವರ್ಷ! ಇವತ್ತು ಐದು ದಿನ ಪ್ರಾಕ್ಟೀಸ್ ತಪ್ಪಿಸಿದರೆ ತಾಲ್ಲೂಕು ತಂಡದಲ್ಲೇ ಜಾಗ ಉಳಿಯುವುದಿಲ್ಲ. ಹೀಗೆ ಬಿಟ್ಟುಬಂದ ಪ್ರಸನ್ನ 49 ಟೆಸ್ಟ್‌ಗಳಲ್ಲಿ 189 ವಿಕೆಟ್ ಕಿತ್ತರು ಎನ್ನುವುದು ದ್ವೈತಿಗಳು ಎಲ್ಲ ವಾದದಲ್ಲೂ ಮೇಜು ಕುಟ್ಟಿ ಹೇಳುವ ಪ್ರಮಾಣ.

ಅದ್ವೈತಿಗಳಿಗೆ ಅನಿಲ್ ಕುಂಬ್ಳೆ ಸಾಕು. 1990ರ ಆಗಸ್ಟಿನಲ್ಲಿ ಮ್ಯಾಂಚೆಸ್ಟರಿನಲ್ಲಿ ಮೊದಲ ಟೆಸ್ಟ್ ಆಡುವಾಗ ಅವರಿನ್ನೂ ಆರ್.ವಿ. ಕಾಲೇಜಿನಲ್ಲಿ ಮೆಕ್ಯಾನಿಕಲ್ ಇಂಜಿನಿಯರಿಂಗ್ ಓದುತ್ತಿದ್ದರು. ಆಟವನ್ನೂ ಬಿಡಲಿಲ್ಲ, ಡಿಗ್ರಿಯನ್ನೂ ಬಿಡಲಿಲ್ಲ. ಆ ಕಾಲೇಜು ಇರುವುದು ಮೈಸೂರು ರಸ್ತೆಯಲ್ಲಿ, ಅಂದರೆ ಬೆಂಗಳೂರಿನಿಂದ ರಾಮನಗರಕ್ಕೆ ಬರುವ ದಾರಿಯಲ್ಲೇ. ಆದರೂ ಅದ್ವೈತ ಕೆಂಗೇರಿ ದಾಟಿ ಈಚೆಗೆ ಬರಲು ಯಾಕೆ ಇಷ್ಟು ತಡವರಿಸುತ್ತಿದೆ ಎಂಬುದು ಕುತೂಹಲದ ವಿಷಯ.

ವಿಶಿಷ್ಟಾದ್ವೈತವೆಂದರೆ ಬಿ.ಪಿ.ಎಡ್. ಇಲ್ಲಿ ಆಟವೇ ಓದಿನ ಶರೀರ. ಈ ಮತದವರು ಮೈದಾನದಲ್ಲಿ ಸುಣ್ಣದ ಗೆರೆ ಎಳೆಯುವುದಕ್ಕೂ ಅಂಕ ಪಡೆಯುತ್ತಾರೆ. ಮೇಲುಕೋಟೆ ಹತ್ತಿರದಲ್ಲೇ ಇರುವುದರಿಂದ ಈ ಭಾಗದಲ್ಲಿ ಇದಕ್ಕೆ ಅನುಯಾಯಿಗಳು ಹೆಚ್ಚಿರಬಹುದೆಂಬ ಊಹೆಯನ್ನು ಮುಂದಿನವರು ಪರಿಶೀಲಿಸಲಿ.

ಸಿದ್ಧಾಂತ ಏನೇ ಇರಲಿ, ಲೆಕ್ಕ ಒಂದೇ. ಸೆಮಿಸ್ಟರಿಗೆ 90 ದಿನ ಪಾಠ ಎಂದು ಹಿಡಿಯೋಣ. ಶೇ 75 ಹಾಜರಿ ಕಡ್ಡಾಯವಾದರೆ ಕೈಯಲ್ಲುಳಿಯುವುದು ಇಪ್ಪತ್ತೆರಡೂವರೆ ದಿನ. ಅಂತರಕಾಲೇಜು ಕಬಡ್ಡಿಗೆ ಎರಡು, ವಿಶ್ವವಿದ್ಯಾಲಯ ತಂಡದ ಆಯ್ಕೆಗೆ ಒಂದು, ಆಯ್ಕೆಯಾಗಿಬಿಟ್ಟರೆ ತರಬೇತಿ ಶಿಬಿರಕ್ಕೆ ಹತ್ತು, ದಕ್ಷಿಣ ವಲಯದ ಪಂದ್ಯಾವಳಿಗೆ ರೈಲು ಪ್ರಯಾಣವೂ ಸೇರಿ ಏಳು ದಿನ ಕಳೆದರೆ ಉಳಿಯುವುದು ಎರಡೂವರೆ. ಅಷ್ಟರಲ್ಲಿ ವೈರಲ್ ಜ್ವರ, ಅಕ್ಕನ ಮದುವೆ, ಊರ ಹಬ್ಬ ಮೂರೂ ಮುಗಿಯಬೇಕು. ಚೆನ್ನಾಗಿ ಆಡುವುದು ಹಾಜರಿಗೆ ಹಾನಿಕರ ಎಂಬ ಸೂತ್ರ ಇದರಿಂದ ಸಿದ್ಧವಾಗುತ್ತದೆ. ಮೊದಲ ಸುತ್ತಿನಲ್ಲೇ ಸೋತು ಮಧ್ಯಾಹ್ನದ ಕ್ಲಾಸಿಗೆ ಬಂದು ಕೂರುವವನಿಗೆ ಶಾರ್ಟೇಜ್ ಎಂದಿಗೂ ಬರುವುದಿಲ್ಲ.

ಈ ಆಪತ್ತಿಗೆ ಕಾಲೇಜುಗಳು ಕಂಡುಕೊಂಡ ಪರಿಹಾರಕ್ಕೆ ಓ.ಡಿ. (ಆನ್ ಡ್ಯೂಟಿ) ಲೆಟರ್ ಎಂದು ಹೆಸರು. ಶಾಸನಶಾಸ್ತ್ರದ ಕ್ರಮದಲ್ಲಿ ಇದನ್ನು ವಿವರಿಸುವುದಾದರೆ: ಕಾಲೇಜಿನ ಲೆಟರ್‌ಹೆಡ್, ಮೊದಲೇ ಟೈಪಾಗಿ ಜೆರಾಕ್ಸಿನ ಮೇಲೆ ಜೆರಾಕ್ಸಾಗಿ ಅಕ್ಷರ ಸವೆದ ನಾಲ್ಕು ಸಾಲು, ಖಾಲಿ ಜಾಗಗಳಲ್ಲಿ ಪೆನ್ನಿನಿಂದ ಹೆಸರು, ರಿಜಿಸ್ಟರ್ ನಂಬರು, ದಿನಾಂಕ, ಕೆಳಗೆ ಪಿ.ಡಿ. (ಫಿಸಿಕಲ್ ಡೈರೆಕ್ಟರ್) ಸರ್ ಸಹಿ, ಪಕ್ಕದಲ್ಲಿ ಪ್ರಾಂಶುಪಾಲರ ಹಸಿರು ಶಾಯಿ, ಎರಡರ ಮೇಲೂ ಅರ್ಧರ್ಧ ಬೀಳುವಂತೆ ನೇರಳೆ ಬಣ್ಣದ ಗುಂಡು ಮೊಹರು. ಒರಿಜಿನಲ್ ಆಫೀಸಿಗೆ, ಪ್ರತಿಗಳು ಒಂದೊಂದು ವಿಷಯದ ಮೇಷ್ಟ್ರಿಗೆ. ದಾನಿ, ದಾನ, ಪ್ರತಿಗ್ರಾಹಿ, ಕಾಲ ಎಲ್ಲ ಸರಿಯಾಗಿವೆ. ಇಲ್ಲದಿರುವುದು ಕೊನೆಯ ಶಾಪಾಶಯ ಒಂದೇ. ಈ ಧರ್ಮಕ್ಕೆ ತಪ್ಪಿದವರು ಗಂಗೆಯ ತಡಿಯಲ್ಲಿ ಗೋವನ್ನು ಕೊಂದ ಪಾಪಕ್ಕೆ ಹೋಗುತ್ತಾರೆಂದು ಕೊನೆಗೊಂದು ಸಾಲಿದ್ದಿದ್ದರೆ, 'ಪತ್ರ ನನ್ನ ಕೈಗೆ ಬಂದೇ ಇಲ್ಲ' ಎನ್ನುವ ಮೇಷ್ಟ್ರುಗಳ ಸಂಖ್ಯೆ ಖಂಡಿತ ಇಳಿಯುತ್ತಿತ್ತು.

ಇದುವರೆಗಿನ ವಿದ್ವಾಂಸರೆಲ್ಲ ಆಟ, ಓದು, ಕ್ಯಾಂಪಸ್ ಎಂಬ ಮೂರನ್ನೇ ತೂಗಿ ಕೈತೊಳೆದುಕೊಂಡಿದ್ದಾರೆ. ಈ ನಾಲ್ಕು ತಾಲ್ಲೂಕುಗಳಲ್ಲಿ ನಾಲ್ಕನೆಯದೊಂದಿದೆ. ಅದು ರೇಷ್ಮೆ ಹುಳು.

ಏಷ್ಯಾದಲ್ಲೇ ದೊಡ್ಡದೆಂದು ಹೆಸರಾದ ಗೂಡಿನ ಮಾರುಕಟ್ಟೆ ರಾಮನಗರದಲ್ಲಿರುವಾಗ ಈ ಲೋಪವನ್ನು ಕ್ಷಮಿಸುವುದು ಕಷ್ಟ. ಮೊಟ್ಟೆಯೊಡೆದ ಹುಳು ಹೆಚ್ಚುಕಡಿಮೆ 25 ದಿನಗಳಲ್ಲಿ ನಾಲ್ಕು ಸಲ ಪೊರೆ ಕಳಚುತ್ತದೆ. ಊರಿನಲ್ಲಿ ಇದನ್ನು 'ಜ್ವರ' ಎನ್ನುತ್ತಾರೆ. ನಾಲ್ಕನೇ ಜ್ವರ ಎದ್ದ ಮೇಲಿನ ಒಂದು ವಾರದಲ್ಲಿ ಹುಳು ತನ್ನ ಇಡೀ ಜನ್ಮದ ಮುಕ್ಕಾಲು ಪಾಲಿಗೂ ಹೆಚ್ಚು ಸೊಪ್ಪನ್ನು ತಿನ್ನುತ್ತದೆ. ಆ ವಾರ ಮನೆಯಲ್ಲಿ ಯಾರೂ ನೆಟ್ಟಗೆ ಮಲಗುವುದಿಲ್ಲ. ತೋಟದಿಂದ ಸೊಪ್ಪು ಕೊಯ್ದು ತರುವುದು, ಹಾಕುವುದು, ಕಸ ತೆಗೆಯುವುದು, ಮತ್ತೆ ಸೊಪ್ಪು. ಇದ್ದಕ್ಕಿದ್ದಂತೆ ಒಂದು ದಿನ ಹುಳು ಬಾಯಿ ನಿಲ್ಲಿಸುತ್ತದೆ. ಮೈ ಹಳದಿಗೆ ತಿರುಗಿ ಬೆಳಕು ಹಾಯುವಷ್ಟು ತಿಳಿಯಾಗುತ್ತದೆ, ತಲೆ ಮೇಲೆತ್ತಿ ಅತ್ತಿತ್ತ ಹುಡುಕುತ್ತದೆ. ಹಣ್ಣಾಯಿತು ಎಂದರ್ಥ. ಆಗ ಒಂದೊಂದನ್ನೇ ಆಯ್ದು ಗೂಡು ಕಟ್ಟುವ ಚಂದ್ರಿಕೆಗೆ ಬಿಡಬೇಕು. ತಡಮಾಡಿದರೆ ಸೊಪ್ಪಿನ ನಡುವೆಯೇ ನೂಲು ಬಿಟ್ಟು ಗೂಡು ಕೆಡುತ್ತದೆ, ತಿಂಗಳ ದುಡಿಮೆ ಮಣ್ಣುಪಾಲಾಗುತ್ತದೆ. ಮನೆಯ ಪ್ರತಿಯೊಂದು ಕೈಯೂ ಆ ಹೊತ್ತಿಗೆ ಬೇಕು. ಮರುದಿನ ಸೆಮಿಫೈನಲ್‌ನಲ್ಲಿ ರೈಡರ್‌ನ ಕಾಲು ಹಿಡಿಯಬೇಕಾದ ಕೈಯೂ.

'ಪ್ರಾಕ್ಟೀಸಿಗೆ ಯಾಕೋ ಬರ್ಲಿಲ್ಲ?'

'ಹುಳ ಹಣ್ಣಾಗಿದ್ವು ಸಾ.'

ಪಿ.ಡಿ. ಸರ್ ಇದೇ ಸೀಮೆಯವರಾಗಿದ್ದರೆ ಮುಂದಿನ ಪ್ರಶ್ನೆ ಹುಳುವಿನ ತಳಿಯ ಬಗ್ಗೆ, 'ಸಿ.ಬಿ.ನೋ ಬೈವೋಲ್ಟಿನ್ನೋ?' ಎಂದಾಗಿರುತ್ತದೆ. ಹೊರಗಿನಿಂದ ವರ್ಗವಾಗಿ ಬಂದವರಾಗಿದ್ದರೆ ಹೆಸರು ತಂಡದ ಪಟ್ಟಿಯಿಂದ ಹೋಗುತ್ತದೆ. ಶಿಕ್ಷಕರ ವರ್ಗಾವಣೆ ನೀತಿಗೂ ಕಬಡ್ಡಿ ಫಲಿತಾಂಶಕ್ಕೂ ಇರುವ ಈ ಸಂಬಂಧ ಯಾವ ಆಯೋಗದ ಕಣ್ಣಿಗೂ ಬಿದ್ದಂತಿಲ್ಲ.

ಐದನೆಯದು ಬಸ್ಸು. ರಾಮನಗರ, ಚನ್ನಪಟ್ಟಣಗಳು ಬೆಂಗಳೂರು–ಮೈಸೂರು ರೈಲುಮಾರ್ಗದ ಮೇಲಿವೆ. ಕನಕಪುರಕ್ಕೂ ಮಾಗಡಿಗೂ ರೈಲಿಲ್ಲ. ಬೆಂಗಳೂರು ವಿಶ್ವವಿದ್ಯಾಲಯ ಒಡೆದು ಮೂರಾದಾಗ ಈ ಕಡೆಯ ಕಾಲೇಜುಗಳು ಜ್ಞಾನಭಾರತಿಯ ಪಾಲಿಗೇ ಉಳಿದವು. ಆದ್ದರಿಂದ ದೊಡ್ಡ ಪಂದ್ಯವೆಂದರೆ ಇವತ್ತಿಗೂ ಬೆಂಗಳೂರಿನ ಕಡೆಗೇ ಮುಖ. 2023ರ ಮಾರ್ಚಿನಲ್ಲಿ ಉದ್ಘಾಟನೆಯಾದ ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್ ವೇ ರಾಮನಗರವನ್ನೂ ಚನ್ನಪಟ್ಟಣವನ್ನೂ ಬಳಸಿಕೊಂಡು ಹೋಗುತ್ತದೆ. ಅದೇ ವರ್ಷದ ಆಗಸ್ಟಿನಿಂದ ಅದರ ಮುಖ್ಯ ರಸ್ತೆಯಲ್ಲಿ ಬೈಕಿಗೆ ಪ್ರವೇಶವೂ ಇಲ್ಲ. 2023ರ ಜೂನ್ 11ರಿಂದ ಶಕ್ತಿ ಯೋಜನೆ ಜಾರಿಯಾಗಿ ಖೋಖೋ ಆಡುವ ಹುಡುಗಿಗೆ ಟಿಕೆಟ್ಟಿನ ಚಿಂತೆ ತಪ್ಪಿತು. ಉಳಿದಿರುವುದು ಬಸ್ಸಿನ ಚಿಂತೆ. ಕತ್ತಲಾಗುವ ಮೊದಲು ಹಳ್ಳಿ ಮುಟ್ಟಬೇಕಾದವಳು ಕೊನೆಯ ಇನ್ನಿಂಗ್ಸಿಗೆ ಮೊದಲೇ ಬ್ಯಾಗು ಹೆಗಲಿಗೇರಿಸಿದರೆ, ತಂಡ ಸೋತದ್ದಕ್ಕೆ ಕಾರಣ 'ಬದ್ಧತೆಯ ಕೊರತೆ' ಎಂದು ವರದಿಯಾಗುತ್ತದೆ. ಡಿಪೋದ ಟೈಂಟೇಬಲ್ಲನ್ನು ಯಾರೂ ಕೇಳುವುದಿಲ್ಲ. ಈ ಒಂದು ವಾಕ್ಯವನ್ನು ಪ್ರಬಂಧಕಾರರು ಅಣಕಿಸದೆ ಬರೆದಿದ್ದಾರೆ.

ಅಮೆರಿಕದ ಕಾಲೇಜು ಕ್ರೀಡೆಗಳನ್ನು ಆಳುವ ಎನ್‌ಸಿಎಎ ಸಂಸ್ಥೆ ಆಟದ ಋತುವಿನಲ್ಲಿ ವಾರಕ್ಕೆ 20 ಗಂಟೆ, ದಿನಕ್ಕೆ 4 ಗಂಟೆಗಿಂತ ಹೆಚ್ಚು ಕಡ್ಡಾಯ ಅಭ್ಯಾಸ ಮಾಡಿಸಬಾರದೆಂದು ನಿಯಮ ಮಾಡಿದೆ. ಮಾಗಡಿಯಲ್ಲಿ ಅಂಥ ನಿಯಮ ಬೇಕಾಗಿಲ್ಲ. ಅಲ್ಲಿ ಆ ಕೆಲಸವನ್ನು ಕೆಎಸ್‌ಆರ್‌ಟಿಸಿ ಯಾವ ಸುತ್ತೋಲೆಯೂ ಇಲ್ಲದೆ ನಡೆಸಿಕೊಂಡು ಬಂದಿದೆ.

ಹಾಗೆಂದು ಈ ಜಿಲ್ಲೆಯಲ್ಲಿ ಸೌಕರ್ಯವೇ ಇಲ್ಲವೆನ್ನುವುದು ಪೂರ್ವಗ್ರಹವಾದೀತು. ಕನಕಪುರ ರಸ್ತೆಯ ಜಕ್ಕಸಂದ್ರದಲ್ಲಿ ಜೈನ್ ವಿಶ್ವವಿದ್ಯಾಲಯದ ದೊಡ್ಡ ಕ್ಯಾಂಪಸ್ಸಿದೆ. 2022ರ ಏಪ್ರಿಲ್ 24ರಿಂದ ಮೇ 3ರವರೆಗೆ ಆ ವಿಶ್ವವಿದ್ಯಾಲಯದ ಆತಿಥ್ಯದಲ್ಲಿ ಖೇಲೋ ಇಂಡಿಯಾ ವಿಶ್ವವಿದ್ಯಾಲಯ ಕ್ರೀಡಾಕೂಟ ನಡೆಯಿತು. ದೇಶದ ನಾನಾ ವಿಶ್ವವಿದ್ಯಾಲಯಗಳಿಂದ ಸಾವಿರಾರು ಕ್ರೀಡಾಪಟುಗಳು ಬಂದರು, ಹಲವು ಸ್ಪರ್ಧೆಗಳು ಈ ಕ್ಯಾಂಪಸ್ಸಿನಲ್ಲೇ ನಡೆದವು. ಯೋಗಾಸನ, ಮಲ್ಲಕಂಬ ಮೊದಲ ಬಾರಿಗೆ ಸೇರಿದವು. ಕೂಟದ ಅಧಿಕೃತ ಹೆಸರಿನಲ್ಲಿದ್ದ ವರ್ಷ 2021. ಕೋವಿಡ್‌ನಿಂದ ಮುಂದೆ ಹೋಗಿ ಮರುವರ್ಷ ನಡೆಯಿತು. ದೇಶದ ಅತಿದೊಡ್ಡ ಕಾಲೇಜು ಕ್ರೀಡಾಕೂಟವೇ ಹೀಗೆ ಒಂದು ಬ್ಯಾಕ್‌ಲಾಗ್ ಇಟ್ಟುಕೊಂಡು ಪಾಸಾಗಿರುವಾಗ ಬಿ.ಕಾಂ. ಹುಡುಗನ ಅಕೌಂಟೆನ್ಸಿ ಪೇಪರನ್ನು ಯಾರು ಹೀಯಾಳಿಸಬೇಕು? ಆತಿಥೇಯರು 20 ಚಿನ್ನದೊಂದಿಗೆ ಪದಕಪಟ್ಟಿಯ ತುದಿಗೇರಿದರು. ಅವರ ಈಜುಗಾರ ಶಿವ ಶ್ರೀಧರ್ ಒಬ್ಬರೇ 7 ಚಿನ್ನ ಗೆದ್ದರು.

ಹಾಸ್ಟೆಲು, ಈಜುಕೊಳ, ಜಿಮ್ಮು ಎಲ್ಲ ಒಂದೇ ಬೇಲಿಯೊಳಗಿದ್ದರೆ ಸಮತೋಲನ ಎಂಬುದು ಟೈಂಟೇಬಲ್ಲಿನ ಪ್ರಶ್ನೆ. ಬೇಲಿಯ ಹೊರಗೆ ಅದು ಹಿಪ್ಪುನೇರಳೆ ತೋಟದ ಅಳತೆ, ಬಸ್ಸಿನ ಟ್ರಿಪ್ಪು, ಪಿ.ಡಿ. ಸರ್ ಹುಟ್ಟಿದ ಊರು ಇವುಗಳ ಪ್ರಶ್ನೆ. ಎರಡು ಕಡೆಯವರಿಗೂ ಶೇ 75 ಮಾತ್ರ ಒಂದೇ. ಸಮಾನತೆಯ ಇಂಥ ನಿಷ್ಪಕ್ಷಪಾತ ಉದಾಹರಣೆ ಬೇರೆಲ್ಲೂ ಸಿಗುವುದು ಕಷ್ಟ.

ಕ್ಯಾಂಪಸ್ ಬದುಕಿನ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಎತ್ನಿಕ್ ಡೇ ದಿನ ಎಲ್ಲರೂ ಪಂಚೆ, ರೇಷ್ಮೆ ಸೀರೆಯಲ್ಲಿ ರೀಲ್ಸ್ ಮಾಡುವಾಗ ಕ್ರಾಸ್ ಕಂಟ್ರಿ ತಂಡ ಹೊರಗೆಲ್ಲೋ ಓಡುತ್ತಿರುತ್ತದೆ. ಆ ಸೀರೆಗಳ ನೂಲಿಗೆ ಹುಳ ಆಯ್ದವರು ಅದೇ ತಂಡದಲ್ಲಿರಬಹುದು. ಗ್ರೂಪ್ ಫೋಟೋದಲ್ಲಿ ಅವರಿಲ್ಲ.

ಇಷ್ಟೆಲ್ಲ ಬೆವರು ಹರಿಸುವುದು ಯಾವುದಕ್ಕೆ ಎಂಬ ಪ್ರಯೋಜನ ವಿಚಾರ ಬಾಕಿ ಇದೆ. ಪದಕಕ್ಕೆ, ಆರೋಗ್ಯಕ್ಕೆ, ಕ್ರೀಡಾಮನೋಭಾವಕ್ಕೆ ಎಂಬ ಉತ್ತರಗಳನ್ನು ವಾರ್ಷಿಕೋತ್ಸವದ ಭಾಷಣಕಾರರಿಗೆ ಬಿಡಬಹುದು. ಬೆಳಗಿನ ಜಾವ ಕಾಲೇಜು ಮೈದಾನದ ಸುತ್ತ ಓಡುವವರ ಬಾಯಲ್ಲಿರುವ ಮಾತು 'ಫಿಸಿಕಲ್'. ಪೊಲೀಸ್ ಕಾನ್‌ಸ್ಟೆಬಲ್ ಹುದ್ದೆಗೆ ಗಂಡಸರು 1600 ಮೀಟರನ್ನು ಆರೂವರೆ ನಿಮಿಷದಲ್ಲಿ, ಹೆಂಗಸರು 400 ಮೀಟರನ್ನು ಎರಡು ನಿಮಿಷದಲ್ಲಿ ಮುಟ್ಟಬೇಕು. ನಾಲ್ಕು ಸುತ್ತಿಗೆ 390 ಸೆಕೆಂಡು ಅಂದರೆ ಸುತ್ತಿಗೆ ತೊಂಬತ್ತೇಳೂವರೆ. ಅಂತರಕಾಲೇಜು ಮಟ್ಟದ ಓಟಗಾರ ಇದನ್ನು ಆಕಳಿಸುತ್ತಾ ಮುಗಿಸಿಯಾನು. ಆದರೆ ಎರಡು ನಿಮಿಷ ಮೊದಲೇ ಮುಟ್ಟಿದವನಿಗೂ ಎರಡು ಸೆಕೆಂಡು ಉಳಿಸಿ ಮುಟ್ಟಿದವನಿಗೂ ಇಲ್ಲಿ ಸಿಗುವುದು ಒಂದೇ: 'ಕ್ವಾಲಿಫೈಡ್'. ಅಂಕ ಬರುವುದು ಲಿಖಿತ ಪರೀಕ್ಷೆಯಲ್ಲಿ. ಅಂದರೆ ಓದು ಬಿಟ್ಟು ಓಡಿದವನನ್ನು ಓಟ ಕೊನೆಗೆ ಓದಿನ ಬಾಗಿಲಿಗೇ ತಂದು ನಿಲ್ಲಿಸುತ್ತದೆ. ಪೊಲೀಸ್ ನೇಮಕಾತಿಯಲ್ಲಿ ಕ್ರೀಡಾಪಟುಗಳಿಗೆ ಶೇ 3, ಇತರ ಇಲಾಖೆಗಳಲ್ಲಿ ಶೇ 2 ಮೀಸಲು ಎಂದು ಸರ್ಕಾರ ಹೇಳಿದೆ. ಆ ಬಾಗಿಲಿನ ಬೀಗದ ಕೈ ಮಾತ್ರ ದೊಡ್ಡ ಕೂಟದ ಸರ್ಟಿಫಿಕೇಟು. ಅದು ಬೇಕೆಂದರೆ ದಕ್ಷಿಣ ವಲಯಕ್ಕೆ ಹೋಗಬೇಕು, ಹೋದರೆ ಹಾಜರಿ ಹೋಗುತ್ತದೆ, ಹಾಜರಿ ಹೋದರೆ ಡಿಗ್ರಿ ಹೋಗುತ್ತದೆ. ತಾರ್ಕಿಕರು ಇದನ್ನು ಚಕ್ರಕ ದೋಷ ಎನ್ನುತ್ತಾರೆ. ಕನಕಪುರದ ಹುಡುಗರು ಇದನ್ನು ಸೆಕೆಂಡ್ ಇಯರ್ ಎನ್ನುತ್ತಾರೆ.

ಮುಂದಿನ ಸಂಶೋಧಕರಿಗೆ ಬಿಟ್ಟ ಪ್ರಶ್ನೆಗಳು ಹಲವು. 1226 ಮೀಟರ್ ಎತ್ತರದ ಸಾವನದುರ್ಗವನ್ನು ಹತ್ತಿಳಿಯುವ ಮಾಗಡಿಯ ಹುಡುಗನಿಗೆ ಅದನ್ನು ಪ್ರಾಕ್ಟಿಕಲ್ ಎಂದು ಪರಿಗಣಿಸಿ ಅಂಕ ಕೊಡಬಹುದೇ? ಟಿ.ಎ.-ಡಿ.ಎ. ದುಡ್ಡು ಪಂದ್ಯ ಮುಗಿದು ಎಷ್ಟು ಸೆಮಿಸ್ಟರಿನ ಮೇಲೆ ಕೈಗೆ ಬಂದರೆ ಅದನ್ನು ಪುರಾತತ್ವ ವಸ್ತು ಎನ್ನಬಹುದು? ಎಲ್ಲಕ್ಕಿಂತ ಮುಖ್ಯವಾಗಿ, ಹುಳು ಹಣ್ಣಾದ ದಿನಕ್ಕೆ ಓ.ಡಿ. ಕೊಡುವುದಾದರೆ ಆ ಪತ್ರಕ್ಕೆ ಸಹಿ ಹಾಕಬೇಕಾದವರು ಪಿ.ಡಿ. ಸರ್ರೋ, ರೇಷ್ಮೆ ಇಲಾಖೆಯವರೋ, ಇಲ್ಲ ಅವನ ಅವ್ವನೋ? ಅವ್ವ ಈಗಾಗಲೇ 'ಆಟಕ್ ಓದ್ರೆ ಸೊಪ್ಪು ಯಾರ್ ಕೊಯ್ತಾರ್ಲಾ?' ಎಂದು ತನ್ನ ಅಭಿಪ್ರಾಯ ದಾಖಲಿಸಿರುವುದರಿಂದ, ಮೂರನೆಯ ಸಾಧ್ಯತೆಯನ್ನು ಸದ್ಯಕ್ಕೆ ಕೈಬಿಡಲಾಗಿದೆ.