ಪೊಯ್ ಉಣ್ಣದೆ ಏಳಬಾರದು

ಲಿಲ್ಲಿಬಾಯಿ, ನಿಮ್ಮ ಮಗನ ಹಡಗು ಈ ಸಲ ಹೊನೊಲುಲು ಬಂದರಿಗೆ ಹೋಗುತ್ತದೆ, ಒಂದು ಹಗಲು ಇಳಿಯಲಿಕ್ಕೆ ಬಿಡುತ್ತಾರೆ ಅಂದಿರಲ್ಲ, ಆವಾಗಿನಿಂದ ನಿಮಗೆ ಹೇಳಬೇಕು ಅಂತಲೇ ಇದ್ದೆ. ವೈಕಿಕಿಯ ದೊಡ್ಡ ಹೋಟೆಲುಗಳಲ್ಲಿ ಕುಣಿತ ಇಟ್ಟು ಊಟ ಬಡಿಸುತ್ತಾರೆ, ಅಲ್ಲಿಗೆ ದುಡ್ಡು ಸುರಿಯಬೇಡ ಅನ್ನಿ. ಸಮುದ್ರ ನೋಡುವುದಿದ್ದರೆ ನೋಡಲಿ. ಊಟಕ್ಕೆ ಮಾತ್ರ ಕಲಿಹಿಗೆ ಹೋಗಲಿ. ಬಂದರಿನಿಂದ ದೂರ ಇಲ್ಲ, ಬಸ್ಸು ಉಂಟು.

ಕಲಿಹಿ ಅಂದರೆ ದುಡಿದು ತಿನ್ನುವವರ ಪೇಟೆ ಮಾರಾಯ್ರೆ. ಫಿಲಿಪೀನ್ಸಿನವರು, ಸಮೋವಾದವರು, ಹಳೇ ಹವಾಯಿ ಕುಟುಂಬದವರು ಎಲ್ಲ ಅಕ್ಕಪಕ್ಕ ಇರುವ ಜಾಗ. ಅಲ್ಲಿ ನಾರ್ತ್ ಸ್ಕೂಲ್ ಸ್ಟ್ರೀಟಿನಲ್ಲಿ ‘ಹೆಲೆನಾಸ್ ಹವಾಯಿಯನ್ ಫುಡ್’ ಅಂತ ಒಂದು ಸಣ್ಣ ಹೋಟೆಲು. ರಸ್ತೆಯಿಂದ ನೋಡಿದರೆ ಅಲ್ಲೇನೋ ಉಂಟು ಅಂತ ಅನ್ನಿಸುವುದೇ ಇಲ್ಲ. ಬಾಗಿಲಲ್ಲಿ ಸಾಲು ನಿಂತದ್ದು ಕಂಡರೆ ಅದೇ ಗುರುತು. 1946ರಲ್ಲಿ ಹೆಲೆನ್ ಚಾಕ್ ಎನ್ನುವ ಹೆಂಗಸು ಶುರು ಮಾಡಿದ್ದು. ಆಗ ಬೇರೆ ರಸ್ತೆಯಲ್ಲಿತ್ತು, 2001ರಲ್ಲಿ ಇಲ್ಲಿಗೆ ಬಂತು. 2000ದಲ್ಲಿ ಜೇಮ್ಸ್ ಬಿಯರ್ಡ್ ಪ್ರಶಸ್ತಿ ಕೊಟ್ಟರು. ಅಮೆರಿಕದಲ್ಲಿ ಅಡುಗೆಯವರಿಗೆ ಅದು ಬಹಳ ದೊಡ್ಡ ಮರ್ಯಾದೆ. ಅಷ್ಟು ಹೆಸರು ಬಂದರೂ ಮೇಜು ಕುರ್ಚಿ ಅದೇ, ಪಕ್ಕದ ಮೇಜಿನವರ ಮೊಣಕೈ ನಮಗೆ ತಾಗುವುದೂ ಹಾಗೆಯೇ. ಮಗಳು ಅಲ್ಲಿಯ ವಿಶ್ವವಿದ್ಯಾಲಯದಲ್ಲಿ ಇರುವುದರಿಂದ ನಾನು ಹೋದಾಗಲೆಲ್ಲ ನಾವು ಆ ಹೋಟೆಲಿಗೆ ಒಮ್ಮೆಯಾದರೂ ಹೋಗಿಯೇ ಹೋಗುತ್ತೇವೆ.

ಅಲ್ಲಿ ದೊಡ್ಡ ತಟ್ಟೆಯಲ್ಲಿ ಎಲ್ಲ ಒಟ್ಟಿಗೆ ಬಡಿಸುವುದಿಲ್ಲ. ಸಣ್ಣ ಸಣ್ಣ ಬಟ್ಟಲಲ್ಲಿ ಒಂದೊಂದೇ ಬಗೆ ತಂದಿಡುತ್ತಾರೆ, ಮೇಜು ತುಂಬಿಹೋಗುತ್ತದೆ. ಜೊತೆಗೆ ದೊಡ್ಡ ಹೋಳು ಮಾಡಿದ ಹಸಿ ನೀರುಳ್ಳಿ, ಕೆಂಪು ಮಣ್ಣು ಬೆರೆತ ಸಮುದ್ರದ ಉಪ್ಪು. ಒಂದು ಪದರ ನೀರುಳ್ಳಿ ಬಿಡಿಸಿ, ಆ ಉಪ್ಪಿಗೆ ಒತ್ತಿ ಕಚ್ಚಬೇಕು. ಖಾರ ಅಂತ ಹೇಳುವ ಹಾಗಿಲ್ಲ, ಸಿಹಿ ನೀರುಳ್ಳಿ.

ಮತ್ತೆ ಪಿಪಿಕೌಲ. ದನದ ಪಕ್ಕೆಲುಬಿನ ಮಾಂಸವನ್ನು ಉಪ್ಪು ಸೋಯಾ ಸಾಸಿನಲ್ಲಿ ನೆನೆಸಿ, ಅಡುಗೆಮನೆಯಲ್ಲಿ ಒಲೆಯ ಮೇಲುಗಡೆ ಸಾಲಾಗಿ ನೇತುಹಾಕಿರುತ್ತಾರೆ. ಕೆಳಗಿನ ಬಿಸಿಗೆ ಅದು ನಿಧಾನ ಒಣಗುತ್ತದೆ. ಆಮೇಲೆ ಇಳಿಸಿ, ಹುರಿದು, ಎಲುಬಿನ ಸಮೇತ ತುಂಡು ಮಾಡಿ ಕೊಡುವುದು. ಅಂಚು ಕರಿದ ಹಾಗೆ ಗಟ್ಟಿ, ಎಲುಬಿಗೆ ಅಂಟಿದ ಕಡೆ ಮೆತ್ತಗೆ. ಅದನ್ನು ಕೈಯಲ್ಲೇ ಹಿಡಿದು ತಿನ್ನಬೇಕು, ಅಲ್ಲಿ ಎಲ್ಲರೂ ಹಾಗೆಯೇ ತಿನ್ನುವುದು. ಆ ದ್ವೀಪಗಳಲ್ಲಿ ಮೊದಲು ದನವೇ ಇರಲಿಲ್ಲ ಗೊತ್ತುಂಟಾ? 1793ರಲ್ಲಿ ವ್ಯಾಂಕೂವರ್ ಎನ್ನುವ ಇಂಗ್ಲಿಷ್ ಕಪ್ತಾನ ಹಡಗಿನಲ್ಲಿ ತಂದು ಕಾಮೆಹಾಮೆಹಾ ರಾಜನಿಗೆ ಉಡುಗೊರೆ ಕೊಟ್ಟದ್ದು. ಲೋಮಿ ಸಾಲ್ಮನ್ ಅಂತ ಇನ್ನೊಂದು ಬಟ್ಟಲು ಬರುತ್ತದೆ, ಉಪ್ಪು ಹಾಕಿದ ಸಾಲ್ಮನ್ ಮೀನನ್ನು ಟೊಮೆಟೊ ನೀರುಳ್ಳಿ ಜೊತೆ ಬೆರಳಲ್ಲಿ ಮಿದ್ದು ತಣ್ಣಗೆ ಕೊಡುವುದು. ಆ ಮೀನೂ ಅಲ್ಲಿಯ ಸಮುದ್ರದ್ದಲ್ಲ. ಅಮೆರಿಕದ ವಾಯವ್ಯ ಕರಾವಳಿಯಿಂದ ಪೀಪಾಯಿಯಲ್ಲಿ ಉಪ್ಪು ತುಂಬಿ ಬರುತ್ತಿತ್ತು. ಹೊರಗಿಂದ ಬಂದದ್ದೆಲ್ಲ ಆ ಮೇಜಿನಲ್ಲಿ ಕೂತು ಮನೆಯವರೇ ಆಗಿಬಿಟ್ಟಿದ್ದಾವೆ.

ನಿಮಗೆ ಖುಷಿಯಾಗುವುದು ಲಾವ್‌ಲಾವ್ ನೋಡಿದರೆ. ಹೊರಗೆ ‘ಕಿ’ ಎನ್ನುವ ಗಿಡದ ಎಲೆಯ ಕಟ್ಟು, ಅದನ್ನು ತಿನ್ನಲಿಕ್ಕಿಲ್ಲ. ಬಿಡಿಸಿದರೆ ಹಬೆ ಏಳುತ್ತದೆ, ಒಳಗೆ ಕಡುಹಸಿರು ಎಲೆ ಪದರ ಪದರವಾಗಿ, ಅದರೊಳಗೆ ಹಂದಿ ಮಾಂಸ, ಒಂದು ತುಂಡು ಕೊಬ್ಬಿನ ಮೀನು. ಆ ಹಸಿರು ಎಲೆ ಯಾವುದು ಅಂತ ಕೇಳಿ. ನಮ್ಮ ಕೆಸುವಿನ ಎಲೆ ಮಾರಾಯ್ರೆ! ನಿಮ್ಮ ಬಾವಿಕಟ್ಟೆ ಹತ್ತಿರ ಇರುವುದೇ ಜಾತಿ. ಅಲ್ಲಿ ಅದಕ್ಕೆ ಕಲೊ ಅನ್ನುತ್ತಾರೆ. ಏಷ್ಯಾದ ನಮ್ಮ ಕಡೆಯ ಗಿಡವೇ, ದೋಣಿಯಲ್ಲಿ ಗೆಡ್ಡೆ ಇಟ್ಟುಕೊಂಡು ದ್ವೀಪದಿಂದ ದ್ವೀಪಕ್ಕೆ ಹೋದ ಜನ ಅದನ್ನು ಅಲ್ಲಿಯವರೆಗೆ ತಲುಪಿಸಿದರು. ಗಂಟಲು ತುರಿಸುವ ಗುಣವೂ ಅದೇ. ನಾವು ಪತ್ರೊಡೆಗೆ ಹುಳಿ ಹಾಕಿ ಆ ತುರಿಕೆ ತೆಗೆಯುತ್ತೇವೆ. ಅವರು ಹುಳಿ ಹಾಕುವುದಿಲ್ಲ, ಗಂಟೆಗಟ್ಟಲೆ ಬೇಯಿಸುತ್ತಾರೆ. ಎಲೆ ಕರಗಿ ಬೆಣ್ಣೆಯ ಹಾಗೆ ಆಗುವವರೆಗೆ ಹಬೆಯಿಂದ ಇಳಿಸುವುದೇ ಇಲ್ಲ. ಅದೇ ಎಲೆಯನ್ನು ತೆಂಗಿನಹಾಲಲ್ಲಿ ಬೊಂಡಾಸ್ ಹಾಕಿ ಬೇಯಿಸಿದ್ದೂ ಒಂದು ಬಟ್ಟಲು ಸಿಗುತ್ತದೆ, ಸ್ವಲ್ಪ ಸಿಹಿ. ನಿಮ್ಮ ಮಗ ಅದನ್ನು ಬಿಡಲೇಬಾರದು.

ಮಸಾಲೆ ಏನು ಹಾಕುತ್ತಾರೆ ಅಂತ ನೀವು ಕೇಳುತ್ತೀರಿ, ಗೊತ್ತು. ಏನೂ ಇಲ್ಲ. ಕಾಲುವಾ ಹಂದಿ ಅಂತ ಉಂಟಲ್ಲ, ಅದಕ್ಕೆ ಉಪ್ಪು ಬಿಟ್ಟರೆ ಬೇರೆ ಏನಿಲ್ಲ. ಹಬ್ಬಕ್ಕಾದರೆ ನೆಲದಲ್ಲಿ ಹೊಂಡ ತೋಡಿ, ಕಲ್ಲು ಕಾಯಿಸಿ, ಬಾಳೆದಿಂಡು ಎಲೆ ಹಾಸಿ, ಇಡೀ ಹಂದಿ ಹೂತು, ಮೇಲೆ ಮಣ್ಣು ಮುಚ್ಚಿಬಿಡುತ್ತಾರೆ. ತೆಗೆಯುವಾಗ ಎಲುಬು ತಾನಾಗಿ ಕಳಚಿ ಬರುತ್ತದೆ. ಹೊಗೆ, ಉಪ್ಪು, ಅದರದ್ದೇ ಕೊಬ್ಬು, ಅಷ್ಟೇ ರುಚಿ.

ಇಷ್ಟೆಲ್ಲ ಹೇಳಿದ್ದು ಪೊಯ್ ವಿಷಯಕ್ಕೆ ಬರಲಿಕ್ಕೆ. ಅದೇ ಕೆಸುವಿನ ಗೆಡ್ಡೆ ಬೇಯಿಸಿ, ಸಿಪ್ಪೆ ಕೆರೆದು, ಹಲಗೆಯ ಮೇಲೆ ಕಲ್ಲಿನ ಗುಂಡಿನಿಂದ ಕುಟ್ಟಿ ಕುಟ್ಟಿ ನೀರು ಸೇರಿಸಿ ಮಾಡುವ ನೇರಳೆ ಬೂದು ಬಣ್ಣದ ಮುದ್ದೆ. ಗಟ್ಟಿಯಿದ್ದರೆ ಒಂದೇ ಬೆರಳಲ್ಲಿ ಎತ್ತಬಹುದು, ತೆಳುವಾದರೆ ಮೂರು ಬೆರಳು ಬೇಕು. ಅಲ್ಲಿಯವರು ಹಾಗೆಯೇ ಲೆಕ್ಕ ಹೇಳುವುದು, ಒಂದು ಬೆರಳಿನ ಪೊಯ್, ಎರಡು ಬೆರಳಿನದ್ದು ಅಂತ. ಹೊಸತು ಸಪ್ಪೆ, ಎರಡು ಮೂರು ದಿನ ಇಟ್ಟರೆ ಹುಳಿ ಏರುತ್ತದೆ, ಹಿರಿಯರಿಗೆ ಹುಳಿಯದ್ದೇ ಬೇಕು.

ಪ್ರವಾಸಕ್ಕೆ ಬಂದವರು ಒಂದು ಚಮಚ ಬರೇ ಪೊಯ್ ಬಾಯಿಗೆ ಹಾಕಿ, ಗೋಡೆಗೆ ಹಚ್ಚುವ ಅಂಟು ಅಂತ ನಗುತ್ತಾರೆ. ನನಗೆ ಆ ನಗು ಕೇಳಿದರೆ ಬೇಸರವಾಗುತ್ತದೆ ಲಿಲ್ಲಿಬಾಯಿ. ಬರೇ ಪೊಯ್ ಯಾರು ತಿನ್ನುತ್ತಾರೆ? ಆ ಮೇಜಿನ ಮೇಲೆ ಇರುವುದರಲ್ಲೆಲ್ಲ ಉಪ್ಪು ಜಾಸ್ತಿ ಇರುವುದೇ ಪೊಯ್ ಇದೆ ಎನ್ನುವ ಧೈರ್ಯದಲ್ಲಿ. ಒಂದು ಚೂರು ಪಿಪಿಕೌಲ ಬಾಯಲ್ಲಿಟ್ಟು, ಮೇಲಿಂದ ಒಂದು ಬೆರಳು ಪೊಯ್. ಉಪ್ಪು ತಗ್ಗುತ್ತದೆ, ಪೊಯ್‌ಗೆ ರುಚಿ ಏರುತ್ತದೆ. ಮತ್ತೆ ಲೋಮಿ, ಮತ್ತೆ ಪೊಯ್. ಪೊಯ್ ಬೇಡ ಅನ್ನ ಕೊಡಿ ಅಂದರೆ ಕೊಡುತ್ತಾರೆ, ಆದರೆ ಆ ಊಟ ಅರ್ಧವೇ ಆದದ್ದು ಅಂತ ನಾನು ಹೇಳುತ್ತೇನೆ. ಒಮ್ಮೆ ನಮ್ಮ ಪಕ್ಕದ ಮೇಜಿನಲ್ಲಿ ಒಬ್ಬ ಅಜ್ಜ ಇದ್ದರು. ತೊಡೆಯ ಮೇಲೆ ಹಲ್ಲು ಬಾರದ ಕೂಸು. ಅಜ್ಜ ಕಿರುಬೆರಳಲ್ಲಿ ಪೊಯ್ ತೆಗೆದು ಕೂಸಿನ ತುಟಿಗೆ ಹಚ್ಚಿದರು, ಅದು ನಾಲಿಗೆ ಚಾಚಿ ನೆಕ್ಕಿತು, ಮತ್ತೆ ಬಾಯಿ ತೆರೆಯಿತು. ಅಲ್ಲಿ ಮಕ್ಕಳಿಗೆ ಮೊದಲು ಕೊಡುವುದೇ ಅದನ್ನು, ಹೊಟ್ಟೆಗೆ ಅಷ್ಟು ಹಗುರ.

ಕೆಸುವು ಅವರಿಗೆ ತರಕಾರಿ ಅಲ್ಲ, ಅಣ್ಣ. ಹವಾಯಿಯವರ ಹಳೇ ಕತೆಯಲ್ಲಿ ಆಕಾಶದ ತಂದೆ ವಾಕೇಯಾನಿಗೂ ಹೊಹೋಕುಕಲನಿ ಎನ್ನುವವಳಿಗೂ ಹುಟ್ಟಿದ ಮೊದಲ ಮಗು ಉಳಿಯಲಿಲ್ಲ. ಮನೆ ಪಕ್ಕ ಹೂತರು, ಅಲ್ಲಿಂದ ಎದ್ದದ್ದು ಕೆಸುವಿನ ಗಿಡ. ಎರಡನೆಯ ಮಗು ಹಾಲೋವಾ, ಅವನೇ ಮನುಷ್ಯರ ಮೂಲಪುರುಷ. ಹಾಗಾಗಿ ಅಣ್ಣ ತಮ್ಮಂದಿರನ್ನು ಸಾಕುತ್ತಾನೆ, ತಮ್ಮಂದಿರು ಅಣ್ಣನ ಗದ್ದೆ ನೋಡಿಕೊಳ್ಳಬೇಕು. ಪೊಯ್ ಬಟ್ಟಲಿನ ಮುಚ್ಚಳ ತೆರೆದ ಮೇಲೆ ಜಗಳ ಆಡಬಾರದು ಅಂತ ಮನೆಗಳಲ್ಲಿ ಕಟ್ಟಳೆ ಉಂಟು, ಅಣ್ಣ ಕೂತಿದ್ದಾನಲ್ಲ ಅಂತ.

ಇದು ಬರೇ ಅಜ್ಜಿಕತೆ ಅಲ್ಲ. ಹವಾಯಿ ವಿಶ್ವವಿದ್ಯಾಲಯದವರು ರೋಗ ತಡೆಯುವ ಮೂರು ಕೆಸುವಿನ ತಳಿ ಮಾಡಿ ಪೇಟೆಂಟ್ ಪಡೆದಿದ್ದರು. ನಮ್ಮ ಅಣ್ಣನಿಗೆ ನೀವು ಹೇಗೆ ಯಜಮಾನರಾಗುತ್ತೀರಿ ಅಂತ ರೈತರು ಎದ್ದು ನಿಂತರು. 2006ರಲ್ಲಿ ವಿಶ್ವವಿದ್ಯಾಲಯ ಆ ಪೇಟೆಂಟ್ ಬಿಟ್ಟುಕೊಟ್ಟಿತು. ಕೈಯಲ್ಲಿ ಕುಟ್ಟಿದ್ದನ್ನು ಮಾರಲಿಕ್ಕೆ ಆರೋಗ್ಯ ಇಲಾಖೆಯ ನಿಯಮ ಅಡ್ಡ ಬಂದಾಗಲೂ ಜನ ಬಿಡಲಿಲ್ಲ, 2011ರಲ್ಲಿ ಅದಕ್ಕೆಂದೇ ಕಾನೂನು ಮಾಡಿಸಿಕೊಂಡರು. ಒಂದು ಊಟದ ಮೇಲೆ ಒಂದು ಜನಕ್ಕೆ ಇಷ್ಟು ಹಕ್ಕು ಇರಬೇಕು, ಇಷ್ಟು ಪ್ರೀತಿಯೂ ಇರಬೇಕು.

ಪೊಯ್ ಸ್ವಲ್ಪ ದುಬಾರಿ, ಅದನ್ನೂ ಅವನಿಗೆ ಹೇಳಿ. ಕೆಸುವು ನೀರು ನಿಂತ ಗದ್ದೆಯಲ್ಲಿ ವರ್ಷ ಹತ್ತಿರ ಇರಬೇಕು, ಕೆಲಸವೆಲ್ಲ ಕೆಸರಿನಲ್ಲಿ, ಕೈಯಲ್ಲೇ. ಹೆಚ್ಚಿನ ಗದ್ದೆಗಳು ಕವಾಯಿ ದ್ವೀಪದ ಹನಲೇ ಕಣಿವೆಯಲ್ಲಿ. 2018ರ ಏಪ್ರಿಲಿನಲ್ಲಿ ಅದರ ಪಕ್ಕದ ವೈಪಾದಲ್ಲಿ ಒಂದೇ ದಿನ, ಇಪ್ಪತ್ತನಾಲ್ಕು ಗಂಟೆಯೊಳಗೆ, ಸುಮಾರು 1262 ಮಿಲಿಮೀಟರ್ ಮಳೆ ಸುರಿಯಿತು. ಇಡೀ ಅಮೆರಿಕಕ್ಕೇ ದಾಖಲೆ. ನಮ್ಮ ಕಡೆಯ ಮಳೆಗಾಲ ಕಂಡವರಿಗೂ ಊಹಿಸಲಿಕ್ಕೆ ಕಷ್ಟ. ಗದ್ದೆಗಳು ಕೊಚ್ಚಿಹೋದವು. ಆ ವೈಪಾದಲ್ಲಿ ಪ್ರತಿ ಗುರುವಾರ ಊರವರು ಸೇರಿ ಗೆಡ್ಡೆಯ ಸಿಪ್ಪೆ ಕೆರೆದು ಪೊಯ್ ಮಾಡಿ ಮುದುಕರಿಗೆ, ಅಕ್ಕಪಕ್ಕದ ಮನೆಗಳಿಗೆ ಹಂಚುವ ಪದ್ಧತಿ ಉಂಟು. ಅದನ್ನು ಕೇಳಿದ ಮೇಲೆ ಬಟ್ಟಲಿನ ತಳ ಬೆರಳಲ್ಲಿ ಬಳಿಯದೆ ಏಳಲಿಕ್ಕೆ ನನಗೆ ಮನಸ್ಸು ಬರುವುದಿಲ್ಲ.

ಹೊನೊಲುಲುವಿನ ಬೇರೆ ಅಂಗಡಿಗಳಲ್ಲಿ ಪೇಪರ್ ತಟ್ಟೆಯಲ್ಲಿ ಎರಡು ಗುಡ್ಡೆ ಅನ್ನ, ಒಂದು ಗುಡ್ಡೆ ಮ್ಯಾಕರೋನಿ ಸಲಾಡ್, ಪಕ್ಕಕ್ಕೆ ಕೋಳಿ ಕೊಡುತ್ತಾರಲ್ಲ, ಅದು ಬೇರೆಯೇ ಊಟ. ಅದು ಕಬ್ಬಿನ ತೋಟಗಳಿಗೆ 1852ರಿಂದ ಒಬ್ಬರ ಹಿಂದೆ ಒಬ್ಬರಾಗಿ ಬಂದ ಚೀನಾ, ಪೋರ್ಚುಗಲ್, ಜಪಾನ್, ಫಿಲಿಪೀನ್ಸಿನ ಕೂಲಿಗಳ ಬುತ್ತಿಯಿಂದ ಬೆಳೆದದ್ದು. ಅದೂ ಒಳ್ಳೆಯದೇ. ಅವನಿಗೆ ಇನ್ನೊಂದು ಹೊತ್ತು ಸಿಕ್ಕರೆ ಕಪಹುಲುವಿನ ರೈನ್‌ಬೋ ಡ್ರೈವ್-ಇನ್‌ನಲ್ಲಿ ತಿನ್ನಲಿ, 1961ರಿಂದ ಇರುವ ಅಂಗಡಿ. ನನಗೆ ಮನಸ್ಸು ತುಂಬಿ ಬರುವುದು ಯಾವುದಕ್ಕೆ ಅಂದರೆ, ಆ ಕೂಲಿಗಳಾಗಿ ಬಂದವರ ಜನವೇ ಹವಾಯಿಯವರ ಅಡುಗೆಯನ್ನು ಕಾಪಾಡಿದ್ದಕ್ಕೆ. ಹೆಲೆನ್ ಚಾಕ್ ಚೀನೀ ಮೂಲದವರು. ವೈಪಹುವಿನಲ್ಲಿ 1947ರಲ್ಲಿ ‘ಹೈವೇ ಇನ್’ ತೆರೆದ ಸೆಯಿಚಿ ತೊಗುಚಿ ಜಪಾನೀ ಮೂಲದವರು, ಯುದ್ಧದ ಕಾಲದಲ್ಲಿ ಅಮೆರಿಕ ಸರ್ಕಾರ ಅವರನ್ನು ಶಿಬಿರದಲ್ಲಿ ಕೂಡಿಹಾಕಿತ್ತು. ಅಲ್ಲಿಂದ ಹೊರಬಂದು ಅವರು ಹವಾಯಿಯವರ ಲಾವ್‌ಲಾವ್ ಕಟ್ಟಲಿಕ್ಕೆ ಕೂತರು. ಬೇರೆಯವರ ಅಣ್ಣನನ್ನು ತಮ್ಮ ಅಣ್ಣ ಅಂತ ನೋಡಿಕೊಳ್ಳುವುದು ಸಣ್ಣ ಮಾತಲ್ಲ.

ಕಡೆಗೆ ಹೌಪಿಯಾ ಬರುತ್ತದೆ. ತೆಂಗಿನಹಾಲು, ಸಕ್ಕರೆ, ಕಾರ್ನ್‌ಫ್ಲೋರ್ ಕಾಯಿಸಿ ತಣಿಸಿ ಚೌಕ ಕತ್ತರಿಸಿದ್ದು, ಬೆಳ್ಳಗೆ, ಮುಟ್ಟಿದರೆ ನಡುಗುತ್ತದೆ. ಹಿಂದೆ ‘ಪಿಯಾ’ ಎನ್ನುವ ಗೆಡ್ಡೆಯ ಹಿಟ್ಟು ಹಾಕುತ್ತಿದ್ದರಂತೆ. ಊಟದ ನಡುವೆಯೂ ತಿನ್ನಬಹುದು, ಯಾರೂ ಏನೂ ಅನ್ನುವುದಿಲ್ಲ.

ಆದರೆ ಇನ್ನೂರು ವರ್ಷಕ್ಕೂ ಹಿಂದೆ ನೀವು ನಾನು ಅದನ್ನು ತಿಂದಿದ್ದರೆ ಜೀವ ಉಳಿಯುತ್ತಿರಲಿಲ್ಲ ಲಿಲ್ಲಿಬಾಯಿ. ಅಲ್ಲಿ ಹೆಂಗಸರಿಗೆ ತೆಂಗಿನಕಾಯಿ ನಿಷಿದ್ಧ, ಹಂದಿ ನಿಷಿದ್ಧ, ಹೆಚ್ಚಿನ ಬಾಳೆಹಣ್ಣು ನಿಷಿದ್ಧ, ಕೆಲವು ಮೀನು ಕೂಡ. ಅಡುಗೆ ಗಂಡಸರದ್ದು, ಪೊಯ್ ಕುಟ್ಟುವುದೂ ಗಂಡಸರೇ, ಹೆಂಗಸರು ಬೇರೆ ಮನೆಯಲ್ಲಿ ಕೂತು ಉಣ್ಣಬೇಕು. 1819ರಲ್ಲಿ ಕಾಮೆಹಾಮೆಹಾ ತೀರಿಕೊಂಡ ಮೇಲೆ ಅವನ ರಾಣಿಯರಾದ ಕಾಹುಮನು, ಕಿಯೋಪುವೋಲನಿ ಇಬ್ಬರೂ ಹೊಸ ರಾಜನ ಬೆನ್ನು ಬಿಡಲಿಲ್ಲ. ಅವನು ಕಿಯೋಪುವೋಲನಿಯ ಮಗ ಲಿಹೋಲಿಹೋ, ಇನ್ನೂ ಹುಡುಗ. ಆ ವರ್ಷದ ಕೊನೆಗೆ ಒಂದು ಔತಣದಲ್ಲಿ ಅವನು ಎಲ್ಲರೆದುರು ಎದ್ದು ಬಂದು ಹೆಂಗಸರ ಪಂಕ್ತಿಯಲ್ಲಿ ಕೂತು ಉಂಡ. ಆ ಒಂದು ಊಟಕ್ಕೆ ಹಳೇ ಕಟ್ಟಳೆ ಪೂರ್ತಿ ಮುರಿದುಬಿತ್ತು. ಅದೇ ಹಂದಿ, ಅದೇ ತೆಂಗಿನಹಾಲನ್ನು ಒಬ್ಬ ಹೆಂಗಸು ಬೇಯಿಸಿ, ತನ್ನ ಹೆಸರಲ್ಲಿ ಹೋಟೆಲು ನಡೆಸಿ, ಮೊಮ್ಮಗನ ಕೈಗೆ ಕೊಟ್ಟುಹೋದದ್ದು ಈಗ ಕಲಿಹಿಯಲ್ಲಿ ಕಣ್ಣೆದುರು ಉಂಟು. ಹೌಪಿಯಾ ಬಂದಾಗ ನಾನು ಈ ಕತೆ ಶುರು ಮಾಡುತ್ತೇನೆ, ಮಗಳು ಕೇಳುತ್ತಾ ಕೇಳುತ್ತಾ ನನ್ನ ಪಾಲಿನ ತುಂಡನ್ನೂ ಎತ್ತಿಕೊಳ್ಳುತ್ತಾಳೆ.