ಜಾರದ ಬೆಣ್ಣೆ, ಜಾರುವ ಪಿಕ್

ದೊಡ್ಡಮಳೂರಿನ ಅಂಬೆಗಾಲು ಕೃಷ್ಣನ ಬಲಗೈಯಲ್ಲಿ ಬೆಣ್ಣೆಯುಂಡೆ ಇದೆ. ಇನ್ನೊಂದು ಕೈಯನ್ನು ನೆಲಕ್ಕೂರಿ ಅಂಬೆಗಾಲಿಡುತ್ತಿದ್ದರೂ ಆ ಬೆಣ್ಣೆ ಜಾರಿಲ್ಲ. ಅಪ್ರಮೇಯ ಸ್ವಾಮಿ ದೇವಸ್ಥಾನದ ಈ ಪುಟ್ಟ ವಿಗ್ರಹವನ್ನು ಕಂಡೇ ಪುರಂದರದಾಸರು ‘ಜಗದೋದ್ಧಾರನ’ ಹಾಡಿದರು ಎಂಬ ಪ್ರತೀತಿ ಇದೆ. ಮಕ್ಕಳಾಗಲಿ ಎಂದು ಹರಕೆ ಹೊತ್ತವರು ಇಲ್ಲಿಗೆ ಬೆಣ್ಣೆ ತರುತ್ತಾರೆ, ತೊಟ್ಟಿಲು ಒಪ್ಪಿಸುತ್ತಾರೆ. ತಂತಿ ಮೀಟುವ ಗಿಟಾರ್ ಪಿಕ್ ಕೈಯಲ್ಲಿ ನಿಲ್ಲಲಿ ಎಂದು ಯಾರೂ ಹರಕೆ ಹೊತ್ತ ಸುದ್ದಿಯಿಲ್ಲ. ಹೊತ್ತರೆ ತಪ್ಪೇನಿಲ್ಲ, ಬೆಣ್ಣೆಯನ್ನೇ ಬಿಗಿಹಿಡಿದವನಿಗೆ ಪ್ಲಾಸ್ಟಿಕ್ ಚೂರು ಯಾವ ಲೆಕ್ಕ?

ಊರಿನ ಗಿಟಾರ್ ಹುಡುಗ ಮಾತ್ರ ಇನ್ನೂ ಹರಕೆಯ ಹಂತಕ್ಕೆ ಬಂದಿಲ್ಲ. ‘ಜಗದೋದ್ಧಾರನ’ದಂಥ ನಿಧಾನದ ಹಾಡನ್ನು ನುಡಿಸುವಾಗ ಅವನಿಗೆ ತೊಂದರೆಯಿಲ್ಲ. ಲಯ ಸ್ವಲ್ಪ ಚುರುಕಾಗಿ, ಆರೂ ತಂತಿಗಳ ಮೇಲೆ ಕೈ ಮೇಲೆ ಕೆಳಗೆ ಓಡತೊಡಗಿದರೆ ಪಿಕ್ ಮೊದಲು ಓರೆಯಾಗುತ್ತದೆ, ಆಮೇಲೆ ಅಡ್ಡಡ್ಡ ತಿರುಗುತ್ತದೆ, ಕೊನೆಗೆ ಬೆರಳಿನಿಂದ ಚಿಮ್ಮಿ ನೇರವಾಗಿ ಗಿಟಾರಿನ ದುಂಡುಬಾಯಿಯೊಳಗೆ ಇಳಿಯುತ್ತದೆ. ಅದು ದೇವಸ್ಥಾನದ ಹುಂಡಿಯಂತೆ: ಹಾಕುವುದು ಸುಲಭ, ತೆಗೆಯುವುದಕ್ಕೆ ಯೋಗ ಕೂಡಿಬರಬೇಕು. ಗಿಟಾರನ್ನು ತಲೆಕೆಳಗು ಮಾಡಿ ಅಲುಗಾಡಿಸುವ ಸದ್ದು ಕೇಳಿದೊಡನೆ ಅಡುಗೆಮನೆಯಿಂದ ಅಜ್ಜಿಯ ದನಿ: “ಏನ್ಲಾ ಮಗಾ, ಇವತ್ತೂ ಕಾಣಿಕೆ ಹಾಕ್ದಾ?”

ಹಿಡಿತದ ಲೆಕ್ಕ ವಿಚಿತ್ರವಾದದ್ದು. ಪಿಕ್ಕನ್ನು ಹೆಬ್ಬೆರಳಿನ ಮೃದುಭಾಗಕ್ಕೂ ಮಡಿಸಿದ ತೋರುಬೆರಳಿನ ಪಕ್ಕಕ್ಕೂ ನಡುವೆ ಇಟ್ಟು, ತುದಿಯನ್ನಷ್ಟೇ ಹೊರಗೆ ಬಿಡಬೇಕು. ತಂತಿಯನ್ನು ಮೀಟಿದಾಗಲೆಲ್ಲ ತಂತಿಯೂ ಪಿಕ್ಕನ್ನು ಹಿಂದಕ್ಕೆ ದೂಡುತ್ತದೆ. ತುದಿ ಎಷ್ಟು ಹೊರಗಿದೆಯೋ ಈ ದೂಡುವಿಕೆಗೆ ಅಷ್ಟು ಬಲ. ಪಿಕ್ ಬೆರಳುಗಳ ನಡುವೆ ತಿರುಗಲು ಅದೇ ಕಾರಣ. ಹೊಸಬರು ಮಾಡುವುದು ಒಂದೇ, ಇನ್ನಷ್ಟು ಬಿಗಿಯಾಗಿ ಹಿಡಿಯುವುದು. ಆಗ ಮುಂಗೈ ಗಟ್ಟಿಯಾಗುತ್ತದೆ, ಮಣಿಕಟ್ಟು ಸೆಟೆದುಕೊಳ್ಳುತ್ತದೆ, ತಂತಿಗೆ ಬೀಳುವ ಪೆಟ್ಟು ಒರಟಾಗುತ್ತದೆ, ಪಿಕ್ ಇನ್ನೂ ಬೇಗ ತಿರುಗುತ್ತದೆ. ಇಷ್ಟೆಲ್ಲ ಕಸರತ್ತಿಗೆ ಬೆವರು ಬಾರದೆ ಇರುತ್ತದೆಯೇ?

ಬೆವರಿನದೂ ಎರಡು ನಾಲಗೆ. ಬೆರಳು ತುಸು ತೇವವಾಗಿದ್ದರೆ ಚರ್ಮ ಮೆತ್ತಗಾಗಿ ಹಿಡಿತ ಹೆಚ್ಚುತ್ತದೆ. ಒಣಗಿದ ಬೆರಳಿನಲ್ಲಿ ನೋಟಿನ ಕಟ್ಟು ಎಣಿಸಲಾಗದೆ ನಾಲಗೆಗೆ ಬೆರಳು ತಾಗಿಸುವವರಿಗೆ ಇದು ಗೊತ್ತು. ತೇವ ಮಿತಿಮೀರಿದರೆ ಚರ್ಮಕ್ಕೂ ಪಿಕ್ಕಿಗೂ ನಡುವೆ ನೀರಿನ ಪದರ ನಿಂತು ಎಲ್ಲವೂ ನುಣುಪಾಗುತ್ತದೆ. ಏಪ್ರಿಲ್ ತಿಂಗಳ ಮದುವೆ ಆರ್ಕೆಸ್ಟ್ರಾದಲ್ಲಿ, ಝಗಮಗಿಸುವ ದೀಪಗಳ ಕೆಳಗೆ ನಿಂತ ಗಿಟಾರಿಸ್ಟ್ ಪದೇ ಪದೇ ಪ್ಯಾಂಟಿಗೆ ಕೈ ಒರೆಸಿಕೊಳ್ಳುತ್ತಿದ್ದರೆ ಅದನ್ನು ಸ್ಟೈಲ್ ಎಂದು ತಿಳಿಯಬೇಕಾಗಿಲ್ಲ.

ಪಿಕ್ ತಯಾರಿಸುವವರಿಗೂ ಈ ಜಾರಾಟ ಹಳೆಯ ತಲೆನೋವು. ಒಂದು ಕಾಲಕ್ಕೆ ಒಳ್ಳೆಯ ಪಿಕ್ ಎಂದರೆ ಹಾಕ್ಸ್‌ಬಿಲ್ ಕಡಲಾಮೆಯ ಚಿಪ್ಪಿನದು. 1922ರ ಹೊತ್ತಿಗೆ ನ್ಯೂಯಾರ್ಕಿನಲ್ಲಿ ಲುಯಿಜಿ ಡಿ’ಆಂಡ್ರಿಯಾ ಸೆಲ್ಯುಲಾಯ್ಡ್ ಹಾಳೆಯಿಂದ ಪಿಕ್ ಕತ್ತರಿಸಿ ಮಾರತೊಡಗಿದ. ಆಮೆಚಿಪ್ಪಿನದೇ ಬಣ್ಣ, ಅದಕ್ಕಿಂತ ಅಗ್ಗ, ನೋಡಲು ಫಳಫಳ. ಆ ಫಳಫಳವೇ ಜಾರುವುದಕ್ಕೆ ಮೂಲ. ಜಾರದಿರಲಿ ಎಂದು ಕಾರ್ಕಿನ ಬಿಲ್ಲೆ ಅಂಟಿಸಿದರು, ನಡುವೆ ತೂತು ಕೊರೆದರು, ಅಕ್ಷರಗಳನ್ನು ಉಬ್ಬಿಸಿದರು. ತೂತಿನ ಉಪಾಯ ಸರಳ: ಒತ್ತಿದಾಗ ಬೆರಳಿನ ಮಾಂಸ ತೂತಿನೊಳಕ್ಕೆ ಉಬ್ಬಿ ಕಚ್ಚಿಕೊಳ್ಳುತ್ತದೆ. 1970ರ ದಶಕದಲ್ಲಿ ಆಮೆಚಿಪ್ಪಿನ ಅಂತರರಾಷ್ಟ್ರೀಯ ವ್ಯಾಪಾರಕ್ಕೆ ತಡೆ ಬಿತ್ತು. 1981ರಲ್ಲಿ ಡನ್‌ಲಪ್ ಕಂಪನಿ ‘ಟಾರ್ಟೆಕ್ಸ್’ ಹೊರತಂದಿತು. ಅದಕ್ಕೆ ಹೊಳಪಿಲ್ಲ, ಮುಟ್ಟಿದರೆ ಪೌಡರ್ ಹಚ್ಚಿದ ಹಾಗೆ. ದಪ್ಪಕ್ಕೊಂದು ಬಣ್ಣ ಬೇರೆ: 0.60 ಮಿಲಿಮೀಟರಿನದು ಕಿತ್ತಳೆ, 0.73 ಹಳದಿ, 0.88 ಹಸಿರು, 1 ಮಿಲಿಮೀಟರಿನದು ನೀಲಿ.

ಗಿಟಾರ್ ಹುಡುಗ ಬೆಂಗಳೂರಿನ ಅಂಗಡಿಗೆ ಹೋದಾಗ ಆರಿಸಿಕೊಳ್ಳುವುದು ಕನ್ನಡಿಯಂತೆ ಹೊಳೆಯುವ ಪಿಕ್ಕನ್ನೇ, ಅದೂ ಮೆಚ್ಚಿನ ಬ್ಯಾಂಡಿನ ಚಿತ್ರ ಇರುವುದನ್ನು. ಅಂಗಡಿಯ ಏಸಿಯಲ್ಲಿ ಅದು ಜಾರುವುದಿಲ್ಲ. ಜಾರುವುದು ಊರಿಗೆ ಬಂದ ಮೇಲೆ. ಆದ್ದರಿಂದ ಕೊಳ್ಳುವವರು ಹೆಬ್ಬೆರಳನ್ನು ಚೂರು ಒದ್ದೆ ಮಾಡಿಕೊಂಡು ಪಿಕ್ಕಿನ ಮೇಲೆ ಉಜ್ಜಿ ನೋಡುವುದು ಲೇಸು. ಅಂಗಡಿಯವರು ಮುಖ ಸಿಂಡರಿಸಿದರೆ ಸಿಂಡರಿಸಲಿ. ತೀರಾ ತೆಳುವಾದದ್ದು ಮಣಿದು ಕೈತಪ್ಪುತ್ತದೆ, ತೀರಾ ದಪ್ಪದ್ದು ತಂತಿಗೆ ತೊಡರಿಕೊಳ್ಳುತ್ತದೆ. ಹೊಳಪಿಲ್ಲದ 0.73 ಅಥವಾ 0.88ರಿಂದ ಶುರುಮಾಡಿದವರು ಹೆಚ್ಚು ಬೈಸಿಕೊಂಡಿಲ್ಲ. ಈಗಾಗಲೇ ಹೊಳಪಿನದನ್ನು ಕೊಂಡು ಕೂತವರಿಗೆ ಮರಳು ಕಾಗದವಿದೆ: ಹಿಡಿಯುವ ಜಾಗವನ್ನು ಮಾತ್ರ ಉಜ್ಜಬೇಕು, ತುದಿಯನ್ನು ಮುಟ್ಟಬಾರದು. ತುದಿ ಒರಟಾದರೆ ಪ್ರತಿ ಮೀಟಿಗೂ ಕರಕರ ಸದ್ದು. ಅಜ್ಜಿ ಸೂಚಿಸಿದ ಹಲಸಿನ ಮೇಣ ಹಿಡಿತದಲ್ಲಿ ಎಲ್ಲ ಕಂಪನಿಗಳನ್ನೂ ಮೀರಿಸಬಲ್ಲದು, ಆದರೆ ಆಮೇಲೆ ಪಿಕ್ಕನ್ನು ಕೆಳಗಿಡಲು ಕೊಬ್ಬರಿ ಎಣ್ಣೆ ತರಬೇಕು.

ಕ್ವೀನ್ ಬ್ಯಾಂಡಿನ ಬ್ರಯಾನ್ ಮೇ ಈ ರಗಳೆಯನ್ನೆಲ್ಲ ಬಿಟ್ಟು ಆರು ಪೆನ್ಸಿನ ಹಳೆಯ ನಾಣ್ಯದಿಂದ ನುಡಿಸುತ್ತಾರೆ. ಅಪ್ಪನ ಜೊತೆ ಸೇರಿ 1963ರಿಂದ ಮನೆಯಲ್ಲೇ ಗಿಟಾರ್ ಕಟ್ಟಿದವರು ಪಿಕ್ಕಿಗಾಗಿ ಅಂಗಡಿ ಹತ್ತುವುದುಂಟೇ? ಆ ನಾಣ್ಯದ ಅಂಚಿನಲ್ಲಿ ಸಣ್ಣ ಸಣ್ಣ ಗೀರುಗಳಿವೆ. ಬಾಗದ ಲೋಹವಾದ್ದರಿಂದ ತಂತಿಯ ಪ್ರತಿ ಅಲುಗಾಟವೂ ಬೆರಳಿಗೆ ತಿಳಿಯುತ್ತದೆ. ನಮ್ಮ ಹುಡುಗ ಅಜ್ಜನ ಪೆಟ್ಟಿಗೆಯಿಂದ ನಾಲ್ಕಾಣೆ ಹುಡುಕಿ ತೆಗೆದ. 2011ರಲ್ಲಿ ಚಲಾವಣೆ ಕಳೆದುಕೊಂಡ ಆ ನಾಣ್ಯಕ್ಕೆ ಕೊನೆಗೂ ಒಂದು ಕೆಲಸ ಸಿಕ್ಕಿತು ಎನ್ನುವಷ್ಟರಲ್ಲಿ ಅದೂ ಹುಂಡಿ ಸೇರಿತು. (ಪಕ್ಕದ ರಾಮನಗರದ ಬಂಡೆಗಳ ನಡುವೆ ‘ಶೋಲೆ’ಯ ಜೈ ಮೌತ್ ಆರ್ಗನ್ ನುಡಿಸಿದ್ದು ಎಷ್ಟು ಜಾಣತನ! ತುಟಿ ಜಾರಿದ ಉದಾಹರಣೆ ಕಡಿಮೆ.)

ನಮ್ಮ ವಾದ್ಯಗಾರರು ಈ ಸಮಸ್ಯೆಯನ್ನು ಮೊದಲೇ ಕಂಡಿದ್ದರು. ಸಿತಾರಿನವರು ತಂತಿ ಸುತ್ತಿದ ಮಿಜರಾಬನ್ನು ಬೆರಳಿಗೇ ತೊಡುತ್ತಾರೆ, ಬೀಳುವ ಪ್ರಶ್ನೆಯೇ ಇಲ್ಲ. ವೀಣೆಯವರಲ್ಲಿ ಅನೇಕರಿಗೆ ಉಗುರೇ ಸಾಕು, ಅದು ಗಿಟಾರಿನೊಳಗೆ ಕಳೆದುಹೋಗುವ ವಸ್ತುವಲ್ಲ. ಬೆರಳಲ್ಲಿ ಹಿಡಿದೇ ನುಡಿಸಬೇಕಾದವರು ಸರೋದಿನವರು. ಅವರ ‘ಜವಾ’ ತೆಂಗಿನ ಕರಟದ್ದು. ಅದನ್ನು ಉಜ್ಜಿ ನುಣುಪು ಮಾಡಿ, ಹಿಡಿಯುವ ಬುಡಕ್ಕೆ ಮಾತ್ರ ದಾರ ಸುತ್ತಿ ಮೇಣ ಹಚ್ಚಿಕೊಳ್ಳುತ್ತಾರೆ. ತಂತಿಯ ಕಡೆ ನುಣುಪು, ಬೆರಳಿನ ಕಡೆ ಅಂಟು. ಕಾರ್ಕು, ತೂತು, ಉಬ್ಬಕ್ಷರ ಎಂದು ಕಂಪನಿಗಳು ಒದ್ದಾಡಿದ್ದೂ ಇದಕ್ಕೇ.

ಇನ್ನು ಚನ್ನಪಟ್ಟಣ. ದೊಡ್ಡಮಳೂರಿನ ಮಗ್ಗುಲಲ್ಲೇ ಇರುವ ಈ ಊರಿಗೆ ಇಂದು ಬೊಂಬೆಯೇ ಹೆಸರು. 1800ರಲ್ಲಿ ಈ ಹಾದಿಯಲ್ಲಿ ಸಾಗಿದ ಬ್ರಿಟಿಷ್ ಸರ್ವೇಕ್ಷಕ ಫ್ರಾನ್ಸಿಸ್ ಬುಕನನ್ ಮಾತ್ರ ಬೇರೊಂದನ್ನು ಗಮನಿಸಿದ್ದ. ಚನ್ನಪಟ್ಟಣದಲ್ಲಿ ವಾದ್ಯಗಳಿಗೆ ಉಕ್ಕಿನ ತಂತಿ ಎಳೆಯುತ್ತಿದ್ದರು. ಅದಕ್ಕೆ ಒಳ್ಳೆಯ ಹೆಸರಿತ್ತು, ಭಾರತದ ದೂರದೂರದ ಸೀಮೆಗಳಿಗೂ ಹೋಗುತ್ತಿತ್ತು. 1807ರಲ್ಲಿ ಅಚ್ಚಾದ ಅವನ ಪ್ರವಾಸ ಗ್ರಂಥದಲ್ಲಿ ಇದಿದೆ. ಆಮೇಲಿನ ಗೆಜೆಟಿಯರುಗಳೂ ಅರಗಿನ ಸಾಮಾನು, ಗಾಜಿನ ಬಳೆಗಳ ಜೊತೆಗೆ ಈ ತಂತಿಯನ್ನು ಹೆಸರಿಸಿವೆ. ದೇಶಕ್ಕೆ ತಂತಿ ಕಳಿಸಿದ ಊರಿನ ಪಕ್ಕದಲ್ಲೇ ಇದ್ದು, ತಂತಿ ಮೀಟುವ ಪಿಕ್ಕಿಗಾಗಿ ಬೆಂಗಳೂರಿನ ಬಸ್ಸು ಹತ್ತುವುದು ಹುಡುಗನಿಗೆ ಅವಮಾನವೆನಿಸಿತು. ಅವನು ಬೊಂಬೆ ಮಾಡುವವರಲ್ಲಿಗೆ ಹೋದ.

ಬೊಂಬೆಯ ಕಸುಬೆಂದರೆ ನುಣುಪಿನ ಕಸುಬು. ಹಾಲೆ ಮರದ ತುಂಡನ್ನು ಲೇತಿಗೆ ಕೊಟ್ಟು, ಉಳಿ ಹಿಡಿದು ರೂಪ ತೆಗೆದು, ತಿರುಗುತ್ತಿರುವಾಗಲೇ ಬಣ್ಣದ ಅರಗನ್ನು ಒತ್ತಿ ಹಿಡಿಯುತ್ತಾರೆ. ಉಜ್ಜಾಟದ ಬಿಸಿಗೆ ಅರಗು ಕರಗಿ ಮರಕ್ಕೆ ಹತ್ತುತ್ತದೆ. ಆಮೇಲೆ ತಾಳೆಗರಿಯಿಂದ ಒತ್ತಿ ಉಜ್ಜಿದರೆ ಮುಖ ಕಾಣುವಷ್ಟು ಹೊಳಪು. ಹುಡುಗ ತನಗೆ ಬೇಕಾದದ್ದನ್ನು ವಿವರಿಸಿದ: ತುದಿಗೆ ಮಾತ್ರ ಅರಗು, ಹಿಡಿಯುವ ಕಡೆ ಒರಟು, ಗೀರು ಬಿದ್ದಿದ್ದರೂ ಪರವಾಗಿಲ್ಲ.

ಕುಶಲಕರ್ಮಿ ಲೇತ್ ನಿಲ್ಲಿಸಿ ಅವನನ್ನು ಮೇಲಿಂದ ಕೆಳಗೆ ನೋಡಿದರು. “ಅಲ್ಲಪ್ಪಾ, ಪಾಲಿಶ್ ಚೆನ್ನಾಗ್ ಬರ್ಲಿಲ್ಲ ಅಂತ ಜಗಳಕ್ ಬರೋರನ್ನ ನೋಡಿದೀನಿ. ಪಾಲಿಶ್ ಕೆಡಿಸ್ಕೊಡಿ ಅಂತ ಕಾಸು ಹಿಡ್ಕಂಡ್ ಬಂದೋನು ನೀನೇ ಮೊದ್ಲು.” ಆದರೂ ಅವರು ಒಂದನ್ನು ಮಾಡಿಕೊಟ್ಟರು. ಹಾಲೆ ಮರ ಮೆತ್ತನೆಯದು. ಉಕ್ಕಿನ ತಂತಿಯೆದುರು ಅದರ ತುದಿ ಸಂಜೆಯೊಳಗೆ ಮೊಂಡಾಯಿತು. ಬೆರಳಿನಿಂದ ಮಾತ್ರ ಕದಲಲಿಲ್ಲ. ಅದನ್ನು ವಾಪಸು ತಂದು ತೋರಿಸಿದಾಗ ಅವರು ಮೊಂಡು ತುದಿಯನ್ನು ಉಗುರಿನಿಂದ ಸವರಿ ಹೇಳಿದರು: “ಇದ್ಕೆ ಮರ ಆಗಾಕಿಲ್ಲ. ಮನೇಲಿ ಕರಟ ಐತಾ? ತಗಂಡ್ ಬಾ.”